ಫೋಕ್‌ಸ್ಟನ್ ಬಂದರಿನ ನೀರು, ನಮ್ಮಮ್ಮನ ಕ್ಯಾಲೆಂಡರು

ಮೊನ್ನೆ ಆಫೀಸಿನಿಂದ ಇಲ್ಲಿ ಕೆನಡಾದ ಮಿಲ್ಟನ್ನಿನ ಮನೆಗೆ ರೈಲಿನಲ್ಲಿ ಬರುತ್ತಿದ್ದೆ. ಎದುರಿನ ಸೀಟಿನವನೊಬ್ಬ ಬಿಸಿ ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಬಿಚ್ಚಿದ. ಮೇಲಿಂದ ಸುರಿದ ವಿನೆಗರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಯೂನಿಯನ್‌ವಿಲ್ಲಿನಲ್ಲಿ ನಾವು ಮೊದಲು ಇದ್ದಾಗ ಪಕ್ಕದ ಮನೆಯವರಾಗಿದ್ದ ಹೆರಾಲ್ಡರು ನೆನಪಾದರು. ಎರಡು ವರ್ಷದ ಹಿಂದೆ ನಮ್ಮಮ್ಮ ಮಲ್ಪೆಯಿಂದ ಆರು ತಿಂಗಳಿಗೆಂದು ಬಂದಿದ್ದಾಗ ಅವಳ ನೀರುದೋಸೆಗೂ ವಿನೆಗರ್ ಚಿಮುಕಿಸಿಕೊಂಡು ತಿಂದ ಮಹಾನುಭಾವರು ಅವರು. ಅವರು ಹೋದ ಮೇಲೆ ಅಮ್ಮ, "ಪಾಪ, ನನ್ನ ಚಟ್ನಿಗೆ ಹುಳಿ ಸಾಕಾಗ್ಲಿಲ್ಲವೋ ಏನೋ" ಎಂದಳು.

ಎಂಬತ್ತು ದಾಟಿದ್ದ ಹೆರಾಲ್ಡರು ಇಂಗ್ಲೆಂಡಿನ ಫೋಕ್‌ಸ್ಟನ್ ಎಂಬ ಬಂದರಿನಲ್ಲಿ ಹುಟ್ಟಿದವರು. ಕಡಲತೀರದವರಿಗೆ ತಮ್ಮೂರಿನ ಕಥೆ ಕೇಳುವ ಕಿವಿ ಸಿಕ್ಕಿದರೆ ಬೇರೆ ಏನೂ ಬೇಡ. ಇದನ್ನು ನಾನು ಹೇಳಬೇಕಿಲ್ಲ, ಮಲ್ಪೆಯ ಬಗ್ಗೆ ನನ್ನ ಕೊರೆತ ಕೇಳಿದ ಗೆಳತಿಯರು ಸಾಕ್ಷಿ ಹೇಳುತ್ತಾರೆ. ಹಾಗಾಗಿ ಬೇಲಿಯ ಆಚೆ ಅವರು, ಈಚೆ ನಾನು, ಸ್ಪರ್ಧೆಗೆ ಬಿದ್ದವರ ಹಾಗೆ ನಿಲ್ಲುತ್ತಿದ್ದೆವು. ಅವರ ಇಂಗ್ಲಿಷನ್ನು ಇಲ್ಲಿ ಕನ್ನಡ ಮಾಡಿಕೊಂಡಿದ್ದೇನೆ, ಕ್ಷಮಿಸಿ.

"ನಮ್ಮದು ಒಂದಲ್ಲ, ಎರಡು ಊರು" ಎಂದು ಅವರು ಶುರುಮಾಡುತ್ತಿದ್ದರು. ಗುಡ್ಡದ ಮೇಲೊಂದು, ಕೆಳಗೊಂದು. ಮೇಲೆ ದೊಡ್ಡ ಹೋಟೆಲುಗಳು, ಹುಲ್ಲುಹಾಸು, ಗಾಳಿ ಸೇವಿಸಲು ಬಂದ ಶ್ರೀಮಂತರು. ಬಡವರು ಅಲ್ಲಿ ಕಾಲಿಡದಂತೆ ಹಿಂದೆ ಜಮೀನ್ದಾರರದೇ ಪೊಲೀಸರ ಕಾವಲು ಇತ್ತಂತೆ. ಕೆಳಗೆ ಮೀನುಗಾರರು, ಹಮಾಲಿಗಳು, ಫ್ರಾನ್ಸಿಗೆ ಹೋಗುವ ಹಡಗುಗಳು. ನಡುವೆ ನೀರಿನ ಭಾರದಿಂದಲೇ ಹತ್ತಿ ಇಳಿಯುವ ಲಿಫ್ಟು. ಮೊದಲ ಮಹಾಯುದ್ಧದಲ್ಲಿ ಲಕ್ಷಗಟ್ಟಲೆ ಸೈನಿಕರು, ಅವರಲ್ಲಿ ಕೆನಡಾದವರೂ, ಆ ಊರಿನ ಇಳಿಜಾರಿನಲ್ಲಿ ನಡೆದು ಹಡಗು ಹತ್ತಿದರು. ಆಮೇಲೆ ಯಾರೋ ಬುದ್ಧಿವಂತರು ಕಡಲಿನ ಅಡಿಯಲ್ಲೇ ಸುರಂಗ ತೋಡಿ ರೈಲು ಬಿಟ್ಟರು, ಹಡಗುಗಳು ನಿಂತವು. ಆ ಸುರಂಗದ ಮೇಲೆ ಹೆರಾಲ್ಡರಿಗೆ ದಾಯಾದಿಯ ಮೇಲಿರುವಂಥ ಸಿಟ್ಟು.

ಅವರ ಹೆಂಡತಿ ಜೀನ್ ಮೇಲಿನ ಊರಿನ ಹೋಟೆಲಿನವರ ಮಗಳು. ಇವರು ಕೆಳಗಿನ ಹಮಾಲಿಯ ಮಗ. ಆಕೆ ಆ ಲಿಫ್ಟಿನಲ್ಲಿ ಇಳಿದು ಬರುತ್ತಿದ್ದಳು, ಇವರು ಕೆಳಗೆ ಕಾಯುತ್ತಿದ್ದರು. ಇಬ್ಬರೂ ಮದುವೆಯಾಗಿ ಕೆನಡಾಕ್ಕೆ ಬಂದು ಐವತ್ತು ವರ್ಷ ಬಾಳಿದರು. ಸಾಯುವ ಮೊದಲು ಜೀನ್ ಕೇಳಿಕೊಂಡದ್ದು ಒಂದೇ: ತನ್ನ ಬೂದಿಯನ್ನು ಕೆಳಗಿನ ಬಂದರಿನ ಮೆಟ್ಟಿಲಿಂದ ನೀರಿಗೆ ಬಿಡಬೇಕು. ನಾಲ್ಕು ವರ್ಷವಾದರೂ ಬೂದಿಯ ಪೆಟ್ಟಿಗೆ ನಡುಮನೆಯ ಗಡಿಯಾರದ ಪಕ್ಕದಲ್ಲೇ ಇತ್ತು. ಮಗಳು ಪ್ರತಿ ವರ್ಷ ಟಿಕೆಟ್ಟಿನ ಮಾತು ಎತ್ತುವುದು, ಇವರು ಫ್ರಿಜ್ಜಿಗೆ ಅಂಟಿಸಿದ್ದ ಫೋಕ್‌ಸ್ಟನ್ನಿನ ಉಬ್ಬರ ಇಳಿತದ ಪಟ್ಟಿಯನ್ನು ತೋರಿಸಿ "ಆ ವಾರ ನೀರು ಸರಿಯಿಲ್ಲ" ಎನ್ನುವುದು. ಇಳಿತಕ್ಕೆ ಆ ಬಂದರಿನ ನೀರೆಲ್ಲ ಖಾಲಿಯಾಗಿ ದೋಣಿಗಳು ಕೆಸರಿನಲ್ಲಿ ಮಲಗುತ್ತವೆ. ಜೀನಳನ್ನು ಕೆಸರಿಗೆ ಹಾಕಲಾದೀತೇ? ಮಗಳು ಮುಂದಿನ ವರ್ಷಕ್ಕೆ ಬಿಡುತ್ತಿದ್ದಳು. ನಾನೂ ನಂಬಿದ್ದೆ.

ನಂಬದವಳು ಅಮ್ಮ. ಒಂದು ಮಧ್ಯಾಹ್ನ ಹೆರಾಲ್ಡರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಆ ಪಟ್ಟಿ ಏನೆಂದು ಕೇಳಿದಳು. ಹೇಳಿದೆ. ಮೀನುಗಾರರ ಮನೆಯ ಹೆಂಗಸಿಗೆ ನೀರಿನ ಲೆಕ್ಕಕ್ಕೆ ಪಟ್ಟಿ ಯಾಕೆ? ಊರಿಂದ ತಂದಿದ್ದ ತಿಥಿಯ ಕ್ಯಾಲೆಂಡರನ್ನು ನನ್ನಿಂದ ತರಿಸಿದಳು.

"ಇವತ್ತು ಅಷ್ಟಮಿ. ನೀರು ಹೆಚ್ಚು ಏರುದಿಲ್ಲ, ಹೆಚ್ಚು ಇಳಿಯುದೂ ಇಲ್ಲ. ಹೌದಾ ಕೇಳು."

ಹೆರಾಲ್ಡರು ಕನ್ನಡಕ ಹಾಕಿಕೊಂಡು ಪಟ್ಟಿ ನೋಡಿದರು. ಹೌದು. ಅಮ್ಮ ಹುಣ್ಣಿಮೆ ತೋರಿಸಿದಳು, ಏಕಾದಶಿ ತೋರಿಸಿದಳು. ಎಲ್ಲವೂ ಹೌದು. ಉಡುಪಿಯ ತಿಥಿಗೆ ಇಂಗ್ಲೆಂಡಿನ ಕಡಲು ತಲೆಬಾಗುವುದನ್ನು ಕಂಡು ಎಂಜಿನಿಯರಿಂಗ್ ಓದಿದ ನಾನೇ ಬಾಯಿ ತೆರೆದು ಕೂತೆ. ಇಬ್ಬರಿಗೂ ಒಬ್ಬನೇ ಚಂದ್ರ ಎಂಬುದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಅಮ್ಮ ಮುಂದಿನ ತಿಂಗಳ ಮಹಾಲಯ ಅಮಾವಾಸ್ಯೆಯ ಮೇಲೆ ಬೆರಳಿಟ್ಟಳು. ತೀರಿಹೋದವರನ್ನು ನೆನೆಯುವ ದಿನ. ಏನೋ ಯೋಚಿಸಿ ಬೆರಳನ್ನು ಎರಡು ಮನೆ ಮುಂದೆ ಸರಿಸಿದಳು.

"ಅಮಾಸೆ ಕಳೆದು ಎರಡು ದಿನಕ್ಕೆ ನೀರು ಜೋರು. ಇದು ನೀರಿನ ಕೆಲಸ, ನೀರನ್ನೇ ಕೇಳ್ಬೇಕು. ಈ ದಿನ ಹೋಗ್ಲಿಕ್ಕೆ ಹೇಳು." ಮತ್ತೆ ನನ್ನ ಕಡೆ ತಿರುಗಿ, "ಒಳ್ಳೆ ದಿನ ಇಲ್ಲ ಅಂತ ಮುಂದೆ ಹಾಕುದು ನಮ್ಮಲ್ಲೂ ಉಂಟು. ಬಿಡ್ಲಿಕ್ಕೆ ಮನಸ್ಸಾಗುದಿಲ್ಲ ಅಷ್ಟೆ. ಅದನ್ನೂ ಹೇಳು" ಎಂದಳು.

ಹೇಳಬೇಕೋ ಬೇಡವೋ ಎಂದು ತಡವರಿಸಿ ಕೊನೆಗೆ ಹೇಳಿದೆ. ಹೆರಾಲ್ಡರು ಪಟ್ಟಿಯಲ್ಲಿ ಆ ದಿನದ ಸಾಲು ಹುಡುಕಿದರು. ಆ ದಿನ ಮಧ್ಯಾಹ್ನದ ಹೊತ್ತಿಗೆ ಬಂದರು ತುಂಬುತ್ತದೆ ಎಂದು ಅದರಲ್ಲೇ ಬರೆದಿತ್ತು. "ನಿಮ್ಮಮ್ಮನ ಮುಂದೆ ಸುಳ್ಳು ಹೇಳುವುದು ಕಷ್ಟ" ಎಂದರು, ಮಗಳಿಗೆ ಫೋನು ಮಾಡಿದರು.

ಆ ದಿನ ಅಲ್ಲಿ ಮಧ್ಯಾಹ್ನವಾದಾಗ ಇಲ್ಲಿ ನಮಗೆ ಬೆಳಿಗ್ಗೆ. ಅಮ್ಮ ಎದ್ದಾಗಿನಿಂದ ಫೋನಿನ ಸುತ್ತಲೇ ಸುಳಿಯುತ್ತಿದ್ದಳು. ಎಂಟರ ಹೊತ್ತಿಗೆ ಅದು ಬಡಿದುಕೊಂಡಿತು.

"ನೀರು ಮೆಟ್ಟಿಲು ಮುಚ್ಚಿ ಮೂರೇ ಉಳಿಸಿತ್ತು. ಬಿಟ್ಟೆ" ಎಂದರು ಹೆರಾಲ್ಡರು. "ಮೀನಿನ ಮಾರ್ಕೆಟ್ಟಿನ ಪಕ್ಕ ಈಗ ಕಾಫಿ ಅಂಗಡಿ, ಚಿತ್ರ ಬರೆಯುವವರು. ಜೀನಳಿಗೆ ಎಲ್ಲ ವರದಿ ಒಪ್ಪಿಸಿದೆ." ನಗುತ್ತಲೇ ಇದ್ದರು.

"ಊಟ ಮಾಡಿದ್ರಾ ಕೇಳು" ಎಂದಳು ಅಮ್ಮ. ಇಲ್ಲವಂತೆ. "ಮೊದಲು ಉಣ್ಲಿಕ್ಕೆ ಹೇಳು. ಆಮೇಲೆ ಮನೆಗೆ ಬರ್ಲಿಕ್ಕೆ ಹೇಳು."

ಮನೆಗೆ. ಹುಟ್ಟೂರಿನ ಬಂದರಿನಲ್ಲಿ ನಿಂತವರಿಗೆ ಹೇಳುವ ಮಾತೇ ಅದು? ಆದರೂ ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದೆ. ಆ ಕಡೆ ಕಡಲಹಕ್ಕಿಗಳ ಗಲಾಟೆ. ಅದರ ನಡುವೆ ಹೆರಾಲ್ಡರು, "ಮಂಗಳವಾರ ಬರುತ್ತೇನೆ. ಏರ್‌ಪೋರ್ಟಿಗೆ ಕಾರು ತರುತ್ತೀಯಲ್ಲ?" ಎಂದರು.

ಮೊನ್ನೆ ರೈಲಿನಲ್ಲಿ ಇಷ್ಟೆಲ್ಲ ನೆನೆದು ನಗುತ್ತಾ ಕೂತವಳಿಗೆ ಇದ್ದಕ್ಕಿದ್ದಂತೆ ನಾಚಿಕೆಯಾಯಿತು. ನಾವು ಮಿಲ್ಟನ್ನಿಗೆ ಮನೆ ಬದಲಾಯಿಸಿ ಎಂಟು ತಿಂಗಳು. ಹೆರಾಲ್ಡರು ಮೂರು ಸಲ ಕರೆದಿದ್ದಾರೆ. ಒಮ್ಮೆ ಹಿಮ ಎಂದೆ, ಒಮ್ಮೆ ಹೈವೇ ಟ್ರಾಫಿಕ್ ಎಂದೆ, ಒಮ್ಮೆ ನನ್ನ ಮಗಳ ಈಜು ಕ್ಲಾಸು. ನಿಜ ಹೇಳಲೇ? ಅವರು ಎಷ್ಟು ಇಳಿದುಹೋಗಿದ್ದಾರೋ ಎಂದು ನೋಡಲು ಹೆದರಿಕೆ. ಕೂತಲ್ಲಿಂದಲೇ ಅವರಿಗೆ ಫೋನು ಮಾಡಿದೆ.

"ಓಹೋ," ಎಂದರು, "ಯಾವಾಗ ಬರುತ್ತೀ? ನಿನಗೆ ಅನುಕೂಲವಾದ ದಿನ ನೋಡಿಕೊಂಡು ಹೇಳು, ಅವಸರವಿಲ್ಲ."

"ನೋಡುವುದೇನೂ ಇಲ್ಲ," ಎಂದೆ, "ನಾಳೆ."