ಕರ್ಚೀಫು ಹಾಕಿ ಹಿಡಿದ ಹಾಸಿಗೆ

ನನಗೆ ಶಬ್ದ ಆಗುವುದಿಲ್ಲ. ಪುತ್ತೂರಿನಲ್ಲಿ ನನ್ನನ್ನು ಬಲ್ಲ ಎಲ್ಲರಿಗೂ ಇದು ಗೊತ್ತು, ಏಕೆಂದರೆ ನಾನೇ ಎಲ್ಲರಿಗೂ ಹೇಳಿದ್ದೇನೆ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಮೈಕಿನ ಮುಂದೆ ಕುಳಿತು, ಸುಳ್ಯ, ಸಂಪಾಜೆ, ಮಡಿಕೇರಿ ಎಂದು ಕೂಗಿ ಕೂಗಿ ನಿವೃತ್ತಳಾದವಳು ನಾನು. ಒಂದು ಜನ್ಮಕ್ಕೆ ಸಾಕಾಗುವಷ್ಟು ಗದ್ದಲ ಅಲ್ಲಿಯೇ ಕೇಳಿಯಾಗಿದೆ. ಹಾಗಾಗಿ ಮದುವೆಮನೆಗೆ ಹೋದರೆ ನನಗೆ ಹಿಂಬದಿಯ ಕೋಣೆಯೇ ಆಗಬೇಕು. ಫ್ಯಾನು ಕಿರುಗುಟ್ಟಿದರೆ ಅದನ್ನು ನಿಲ್ಲಿಸಿ ಸೆಕೆಯಲ್ಲಿ ಮಲಗುತ್ತೇನೆ. ಹೀಗೆಲ್ಲ ಹೇಳಿಕೊಳ್ಳುವುದರಲ್ಲಿ ಸ್ವಲ್ಪ ಜಂಬವೂ ಇತ್ತೆನ್ನಿ.

ಮದುವೆ, ಮಕ್ಕಳು ಎಂಬ ಗೋಜಿಗೆ ನಾನು ಹೋಗಲಿಲ್ಲ. ಆದ್ದರಿಂದ ಹೊಟ್ಟೆಕಿಚ್ಚು ಪಡುವುದಕ್ಕೆ ನನಗೆ ಗಂಡನೂ ಇಲ್ಲ, ಸೊಸೆಯೂ ಇಲ್ಲ. ಇರುವವಳು ಒಬ್ಬಳೇ ಗೆಳತಿ, ಕಡಬದವಳು. ಅವಳ ಅಜ್ಜ ಕೇರಳದಿಂದ ಬಂದು ಕಡಬದ ಆಚೆ ಗುಡ್ಡದಲ್ಲಿ ರಬ್ಬರು ಹಾಕಿದವರು. ನಾನು ಕಲ್ಲುಗುಂಡಿಯವಳು. ಪುತ್ತೂರಿನ ಹಾಸ್ಟೆಲಿನಲ್ಲಿ ನಮ್ಮಿಬ್ಬರ ಚಾಪೆ ಅಕ್ಕಪಕ್ಕ ಇತ್ತು. ಅಂದಿನಿಂದ ಇಂದಿನವರೆಗೂ ಅವಳು ನನ್ನನ್ನು ಕರೆಯುವುದು ಅವಳ ಮನೆಮಾತಿನಲ್ಲಿ, ‘ಎಡೀ’ ಎಂದು. ‘ಏನೇ’ ಎಂದ ಹಾಗೆ. ಅವಳಿಗೆ ಗಂಡ, ಮಕ್ಕಳು, ಮೊಮ್ಮಕ್ಕಳು ಎಲ್ಲ ಇದ್ದಾರೆ. ಅವರ ಮೇಲೆ ನನಗೆ ಯಾವತ್ತೂ ಹೊಟ್ಟೆಕಿಚ್ಚು ಬಂದದ್ದಿಲ್ಲ. ಗಂಡ ಗಂಡ, ಗೆಳತಿ ಗೆಳತಿ.

ಶನಿವಾರ ಮಧ್ಯಾಹ್ನ ಅವಳು ಊರಿಗೆ ಹೋಗುವವಳು. ನಮ್ಮ ಊರು ದೂರವೆಂದು ನಾನು ಹಾಸ್ಟೆಲಿನಲ್ಲಿಯೇ ಉಳಿಯುವವಳು. ಆದರೂ ಬಸ್ ನಿಲ್ದಾಣದವರೆಗೆ ಜೊತೆಗೆ ಹೋಗುತ್ತಿದ್ದೆ, ಏಕೆಂದರೆ ಕಡಬದ ಬಸ್ಸಿಗೆ ಜನ ಮುಗಿಬೀಳುತ್ತಿದ್ದರು, ಅವಳು ಕುಳ್ಳಿ, ನಾನು ಉದ್ದ. ಬಸ್ಸು ನಿಲ್ಲುವ ಮೊದಲೇ ಓಡಿಹೋಗಿ ಕಿಟಕಿಯಿಂದ ನನ್ನ ಕರ್ಚೀಫನ್ನು ಸೀಟಿನ ಮೇಲೆ ಎಸೆಯುತ್ತಿದ್ದೆ. ಕರ್ಚೀಫು ಬಿದ್ದ ಸೀಟಿಗೆ ನಮ್ಮ ಕಡೆ ಬೇರೆ ಯಾರೂ ಕೂರುವುದಿಲ್ಲ. ಕೂತರೆ ಇಡೀ ಬಸ್ಸೇ ಅವರನ್ನು ಎಬ್ಬಿಸುತ್ತದೆ. ಸೋಮವಾರ ಅವಳು ಆ ಕರ್ಚೀಫನ್ನು ಒಗೆದು, ಮಡಚಿ ತಂದುಕೊಡುತ್ತಿದ್ದಳು.

ಒಮ್ಮೆ ಹಾಸ್ಟೆಲಿನಿಂದ ಮಂಗಳೂರಿನ ಬಂದರು ತೋರಿಸಲು ಕರೆದುಕೊಂಡು ಹೋಗಿದ್ದರು. ದೊಡ್ಡದೊಂದು ಹಡಗು ನಿಂತಿತ್ತು. “ಎಡೀ, ದೊಡ್ಡವರಾದ ಮೇಲೆ ನಾವು ಒಮ್ಮೆ ಇದರಲ್ಲಿ ಹೋಗ್ಬೇಕು” ಎಂದಳು. “ನಾವಿಬ್ಬರೇ” ಎಂದೆ ನಾನು. “ನಾವಿಬ್ಬರೇ” ಎಂದಳು ಅವಳೂ. ಅವಳಿಗೆ ಅದು ನೆನಪಿದೆಯೋ ಇಲ್ಲವೋ, ನನಗಂತೂ ಇದೆ.

ಹೋದ ವರ್ಷ ಅವಳ ಫೋನು ಬಂತು. “ಎಡೀ, ಹಡಗಿನಲ್ಲಿ ಹೋಗುವನಾ? ಕೊಚ್ಚಿಯಲ್ಲಿ ಹತ್ತಿದ್ರೆ ಲಕ್ಷದ್ವೀಪ ನೋಡಿ ಮುಂಬೈಯಲ್ಲಿ ಇಳಿಯುದು. ಮೂರು ರಾತ್ರಿ.” ನನ್ನ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಅವಳು, “ಮೂರು ಜನ ಆಗ್ತೇವೆ, ಸುಳ್ಯದವಳನ್ನೂ ಕರೆದಿದ್ದೇನೆ” ಎಂದಳು. ಬಂದ ನೀರು ಅಲ್ಲಿಯೇ ಇಂಗಿತು.

ಈ ಸುಳ್ಯದವಳು ನಮ್ಮ ನಡುವೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಕುಳಿತಲ್ಲಿ ಇಬ್ಬರಿಗೂ ಪರಿಚಯವಾದದ್ದಂತೆ. ಗಂಡ ತೀರಿಹೋದವಳು, ಮೊಣಕಾಲಿನ ನೋವಿಗೆಂದು ಬಂದಿದ್ದಳು, ನಮಗಿಂತ ಸ್ವಲ್ಪ ಸಣ್ಣ ಪ್ರಾಯ. ನೀನು ಯಾಕೆ ಆಸ್ಪತ್ರೆಗೆ ಹೋದದ್ದು ಎಂದು ಕೇಳಿದರೆ ನನ್ನ ಗೆಳತಿ, “ಎಂತ ಇಲ್ಲ ಮಾರಾಯ್ತಿ, ಪ್ರೆಶರು ನೋಡ್ಲಿಕ್ಕೆ” ಎಂದಳು. ಪ್ರೆಶರು ನೋಡಲು ಕಡಬದಲ್ಲಿ ಡಾಕ್ಟರಿಲ್ಲವೇ ಎಂದು ಕೇಳಬೇಕಿತ್ತು, ನನಗೆ ಹೊಳೆಯಲಿಲ್ಲ. ಆಮೇಲೆ ಮಾತುಮಾತಿಗೂ ‘ಸುಳ್ಯದವಳು ಹೇಳಿದಳು’, ‘ಸುಳ್ಯದವಳು ಮಾಡಿಕೊಟ್ಟಳು’. ಅವಳು ಕೊಟ್ಟ ಮಾವಿನ ಮಿಡಿ ಉಪ್ಪಿನಕಾಯಿಯನ್ನು ಗೆಳತಿ ನನಗೂ ಕಳಿಸಿದ್ದಳು. ಚೆನ್ನಾಗಿತ್ತು. ಅದೇ ನನಗೆ ಸಿಟ್ಟು.

ಕ್ಯಾಬಿನ್ ಆರಿಸಲು ಪುತ್ತೂರಿನ ಏಜೆಂಟರ ಕಚೇರಿಗೆ ಮೂವರೂ ಹೋದೆವು. ಅವರು ಹೆಚ್ಚಾಗಿ ಗಲ್ಫಿಗೆ ಹೋಗುವವರ ಟಿಕೆಟು ಮಾಡುವವರು. ಹಡಗಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟು, “ಇಬ್ಬಿಬ್ಬರಿಗೆ ಒಂದು ಕ್ಯಾಬಿನ್. ನಿಮಗೆ ಎರಡು ಬೇಕಾಗ್ತದೆ” ಎಂದರು. ಎರಡು ಎಂದು ಕೇಳಿದ್ದೇ ನನ್ನ ಮನಸ್ಸಿನಲ್ಲಿ ಪಾಲು ಆಗಿಹೋಯಿತು: ಒಂದು ನಮ್ಮಿಬ್ಬರಿಗೆ, ಇನ್ನೊಂದು ಸುಳ್ಯದವಳಿಗೆ. ನಾನು ಕನ್ನಡಕ ಹಾಕಿ ಕುರ್ಚಿಯನ್ನು ಮುಂದಕ್ಕೆ ಎಳೆದೆ.

ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಿನ ಸೀಟು ಯಾಕೆ ಬೇಡ ಎಂದು ತಿಳಿದವರಿಗೆ ಹಡಗು ಕಷ್ಟವಲ್ಲ. ಹಿಂಭಾಗ ಬೇಡ ಎಂದೆ, ಅಲ್ಲಿ ಎಂಜಿನಿನ ಅದುರು. ತೀರಾ ಮುಂದೆ ಬೇಡ, ಲಂಗರು ಇಳಿಸುವಾಗ ಸರಪಳಿಯ ಸದ್ದು. ಲಿಫ್ಟಿನ ಬಳಿ ಬೇಡ, ಮೆಟ್ಟಿಲ ಬಳಿ ಬೇಡ. ಊಟದ ಹಾಲಿನ ಕೆಳಗೆ ಬೇಡವೇ ಬೇಡ, ಬೆಳಗಾಗುವ ಮೊದಲು ಕುರ್ಚಿ ಎಳೆಯುತ್ತಾರೆ. ಪಕ್ಕದ ಕೋಣೆಗೆ ನಡುವೆ ಬಾಗಿಲು ಇರುವಂಥದ್ದು ಬೇಡ, ಮಾತು ನುಸುಳುತ್ತದೆ. ಮೇಲೆಯೂ ಕೆಳಗೆಯೂ ಮಲಗುವ ಕೋಣೆಗಳೇ ಇರಬೇಕು. ಹೀಗೆ ಒಂದೊಂದನ್ನೇ ಬಿಡುತ್ತಾ ಬಂದು, ಕೆಳಗಿನ ಅಂತಸ್ತಿನಲ್ಲಿ, ಹಡಗಿನ ಸರಿ ನಡುವೆ, ಕಿಟಕಿಯಿಲ್ಲದ ಒಂದು ಕ್ಯಾಬಿನ್ನಿನ ಮೇಲೆ ಬೆರಳಿಟ್ಟೆ. ಏಜೆಂಟರು ನಕ್ಕರು. “ಎಲ್ಲರೂ ಕಿಟಕಿ ಕೇಳುದು ಅಕ್ಕ. ಶಬ್ದ ಇಲ್ಲದ್ದು ಬೇಕು ಅಂತ ಕೇಳಿದ್ದು ನೀವೇ ಮೊದಲು.”

ಇನ್ನೊಂದಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಊಟದ ಹಾಲಿನ ಕೆಳಗೇ, ಲಿಫ್ಟಿನ ಎದುರಿಗೆ ಒಂದು ಖಾಲಿ ಇತ್ತು. “ಇದಕ್ಕೆ ಬಾಲ್ಕನಿ ಉಂಟಲ್ಲ, ಇವರಿಗೆ ಚಂದ ಆಗ್ತದೆ” ಎಂದು ಸುಳ್ಯದವಳ ಕಡೆ ತೋರಿಸಿದೆ. ಅವಳು, “ನಂಗೆ ಯಾವುದಾದ್ರೂ ಆದೀತು ಅಕ್ಕ” ಎಂದಳು.

ಆಗ ನನ್ನ ಗೆಳತಿ ನನ್ನ ಬೆನ್ನ ಮೇಲೆ ಕೈಯಿಟ್ಟು ಹೇಳಿದಳು: “ಒಳ್ಳೇದಾಯ್ತು ಎಡೀ. ಆ ಶಬ್ದ ಇಲ್ಲದ್ದು ನಿನಗೇ ಇರ್ಲಿ, ಆರಾಮ ಮಲಗು. ನಾವಿಬ್ಬರು ಮೇಲಿನದ್ರಲ್ಲಿ ಇರ್ತೇವೆ.”

ನಾವಿಬ್ಬರು! ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಹಾಗಾಯಿತು. ಶಬ್ದ ಆಗುವುದಿಲ್ಲ ಎಂದು ಊರಿಡೀ ಸಾರಿದವಳು ಈಗ ಯಾವ ಬಾಯಿಯಿಂದ ‘ನನಗೆ ನಿನ್ನ ಜೊತೆ ಮಲಗಬೇಕು’ ಎಂದು ಹೇಳಲಿ? ಅದೂ ಆ ಹೆಂಗಸಿನ ಎದುರಿಗೆ? “ಆಯ್ತು, ಒಳ್ಳೇದೇ ಆಯ್ತು” ಎಂದೆ. ಏಜೆಂಟರು ತರಿಸಿದ ಚಹಾ ಕುಡಿಯದೆ ಎದ್ದುಬಂದೆ.

ಹಡಗು ಹತ್ತಿದ ಮೇಲೆ ತಿಳಿಯಿತು, ನಾನು ಎಷ್ಟು ಚೆನ್ನಾಗಿ ಆರಿಸಿದ್ದೆ ಎಂದು. ಆ ಕ್ಯಾಬಿನ್ನಿನಲ್ಲಿ ಒಂದು ಸೂಜಿಮೊನೆಯಷ್ಟೂ ಸದ್ದಿರಲಿಲ್ಲ. ಎರಡು ಹಾಸಿಗೆ, ಒಂದರಲ್ಲಿ ನಾನು, ಒಂದು ಖಾಲಿ. ದೀಪ ಆರಿಸಿದರೆ ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಅವರು ಈಗ ಬಾಲ್ಕನಿಯಲ್ಲಿ ಕುಳಿತಿರಬಹುದು. ಇವಳು ಹಾಸ್ಟೆಲಿನ ಕಥೆ ಹೇಳುತ್ತಿರಬಹುದು, ಅವಳು ನಗುತ್ತಿರಬಹುದು. ಆ ಕಥೆಗಳೆಲ್ಲ ನನ್ನವು, ನಾನಿಲ್ಲದೆ ಹೇಳುವಂತಿಲ್ಲ. ಇಡೀ ಹಡಗಿನಲ್ಲಿ ಅತ್ಯುತ್ತಮ ನಿದ್ದೆಯ ಜಾಗದಲ್ಲಿ ನಾನು ಬೆಳಗಿನವರೆಗೆ ಹೊಟ್ಟೆ ಉರಿಸಿಕೊಂಡು ಬಿದ್ದಿದ್ದೆ.

ಬೆಳಿಗ್ಗೆ ತಿಂಡಿಗೆ ಹೋದಾಗ ಅವರಿಬ್ಬರೂ ಆಗಲೇ ಕೂತಿದ್ದರು. ಗೆಳತಿ ತಟ್ಟೆಯಿಂದ ತಲೆಯೆತ್ತದೆ, “ಎಡೀ, ಆ ಚಟ್ನಿ ಇತ್ತ ಕೊಡು” ಎಂದಳು. ನಾನು ಚಟ್ನಿಗೆ ಕೈ ಚಾಚಿದೆ. ಅವಳು ಹೇಳಿದ್ದು ನನಗಲ್ಲ. ಸುಳ್ಯದವಳು ಸಲೀಸಾಗಿ ಬಟ್ಟಲನ್ನು ದೂಡಿದಳು, ಎಷ್ಟೋ ಕಾಲದಿಂದ ಆ ಹೆಸರಿಗೆ ಓಗೊಟ್ಟವಳ ಹಾಗೆ. ಕ್ಯಾಬಿನ್ ಹೋದದ್ದು ಸಹಿಸಿದ್ದೆ. ಇದನ್ನು ಸಹಿಸಲಿಕ್ಕಾಗಲಿಲ್ಲ.

ಆ ಮಧ್ಯಾಹ್ನ ಊಟದ ನಂತರ ನನ್ನ ಕನ್ನಡಕ ಗೆಳತಿಯ ಚೀಲದಲ್ಲಿ ಉಳಿದದ್ದು ನೆನಪಾಗಿ ಮೇಲೆ ಅವರ ಕೋಣೆಗೆ ಹೋದೆ. ಬಾಗಿಲು ತೆರೆದ ಸುಳ್ಯದವಳು ತುಟಿಯ ಮೇಲೆ ಬೆರಳಿಟ್ಟಳು. ಒಳಗೆ ಬಸ್ಸಿನ ಟಯರಿನಿಂದ ಗಾಳಿ ಹೋಗುವಂಥ ಸದ್ದು. ಹಾಸಿಗೆಯಲ್ಲಿ ನನ್ನ ಗೆಳತಿ ಮೂಗಿಗೆ ಮಾಸ್ಕು ಕಟ್ಟಿಕೊಂಡು ಮಲಗಿದ್ದಳು. ಮಾಸ್ಕಿನಿಂದ ಒಂದು ಪೈಪು ಹೊರಟು ಮೇಜಿನ ಮೇಲಿನ ಯಂತ್ರಕ್ಕೆ ಹೋಗಿತ್ತು. ನಾನು ಹಾಸಿಗೆಯ ಬಳಿಗೆ ಓಡಿದೆ.

“ಹೆದರ್ಬೇಡಿ ಅಕ್ಕ. ಇವರಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗ್ತದೆ. ಅದಕ್ಕೆ ಇದು ಗಾಳಿ ಕೊಡುದು. ನಮ್ಮ ಮನೆಯವರಿಗೂ ಇತ್ತು, ಅದಕ್ಕೆ ನಂಗೆ ಕಟ್ಲಿಕ್ಕೆ ಗೊತ್ತುಂಟು” ಎಂದು ಸುಳ್ಯದವಳು ಪಿಸುಗುಟ್ಟಿ, ಮುಖ ತೊಳೆಯಲು ಬಚ್ಚಲಿಗೆ ಹೋದಳು. ಅಂದರೆ ಇವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಹೆದರಿಕೆಯ ಮೇಲೆಯೇ ಹೊಟ್ಟೆಕಿಚ್ಚೂ ಹತ್ತಿ ಕುಳಿತಿತು.

ಗೆಳತಿ ಕಣ್ಣು ಬಿಟ್ಟು ಮಾಸ್ಕು ಕಳಚಿದಳು. ಮೂಗಿನ ಮೇಲೆ ಕೆಂಪು ಗೆರೆ ಬಿದ್ದಿತ್ತು.

“ನನಗೆ ಯಾಕೆ ಹೇಳ್ಲಿಲ್ಲ?” ಎಂದೆ.

“ಹೇಳಿದ್ರೆ ನೀನು ಹಡಗಿಗೇ ಬರ್ತಿರ್ಲಿಲ್ಲ. ನಿಂಗೆ ಫ್ಯಾನಿನ ಶಬ್ದವೇ ಆಗುದಿಲ್ಲ, ಇದು ಆಗ್ತದಾ? ಅಲ್ಲ, ಕಲ್ಲುಗುಂಡಿಯಲ್ಲಿ ನಿನ್ನ ಅಣ್ಣನ ಮನೆ ಮದುವೆಗೆ ಮಲಗಿದ್ದಾಗ ನೀನು ಎಂತ ಹೇಳಿದ್ದು? ನನ್ನ ಗೊರಕೆ ಘಾಟಿ ಹತ್ತುವ ಲಾರಿಯ ಹಾಗೆ ಅಂತ. ಅದು ಕೇಳಿದ ಮೇಲೆಯೇ ನಾನು ಡಾಕ್ಟ್ರ ಹತ್ರ ಹೋದ್ದು.” ಹೇಳಿ ನಕ್ಕಳು. “ನೀನು ಬಾರದಿದ್ರೆ ನಂಗೆ ಎಂತದು ಹಡಗು ಮಾರಾಯ್ತಿ?”

ನನಗೆ ನಗು ಬರಲಿಲ್ಲ. ಸೊಂಟದಿಂದ ಕರ್ಚೀಫು ತೆಗೆದು, ಪಕ್ಕದ ಹಾಸಿಗೆಯ ಮೇಲೆ, ಸುಳ್ಯದವಳ ದಿಂಬಿನ ಮೇಲೆಯೇ ಎಸೆದೆ. ಗೆಳತಿ ಅದನ್ನು ನೋಡಿದಳು, ನನ್ನನ್ನು ನೋಡಿದಳು.

ಬಚ್ಚಲಿನಿಂದ ಬಂದ ಸುಳ್ಯದವಳಿಗೂ ಏನೂ ವಿವರಿಸಬೇಕಾಗಲಿಲ್ಲ. ಅವಳೂ ಬಸ್ಸಿನಲ್ಲಿ ಓಡಾಡಿದವಳೇ. “ಸೀಟು ಹಿಡಿದಾಯ್ತಾ ಅಕ್ಕ?” ಎಂದು ನಕ್ಕು, ತನ್ನ ನೈಟಿ, ಎಣ್ಣೆ ಬಾಟ್ಲಿ ತೆಗೆದುಕೊಂಡು ಕೆಳಗಿನ ಕ್ಯಾಬಿನ್ನಿಗೆ ಹೊರಟಳು. ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದೂ ನನಗೆ ಹಿಡಿಸಲಿಲ್ಲ. ಸ್ವಲ್ಪವಾದರೂ ಜಗಳ ಮಾಡಬೇಕಿತ್ತು.

ಆ ರಾತ್ರಿ ನನಗೆ ಒಂದು ಜೊಂಪೂ ಹತ್ತಲಿಲ್ಲ. ಪಕ್ಕದಲ್ಲಿ ಯಂತ್ರ, ಹೊರಗೆ ಲಿಫ್ಟು, ಬೆಳಗಿನ ಜಾವಕ್ಕೆ ತಲೆಯ ಮೇಲೆ ಕುರ್ಚಿಗಳು. ಎಲ್ಲವೂ ನಾನು ಏಜೆಂಟರಿಗೆ ಹೇಳಿದ ಹಾಗೆಯೇ ಇತ್ತು. ಆದರೆ ಗೆಳತಿ ಮಗುವಿನ ಹಾಗೆ ನಿದ್ರಿಸಿದಳು, ನಾನು ಅವಳ ಉಸಿರನ್ನು ಕೇಳುತ್ತಾ ರಾಜ್ಯ ಗೆದ್ದವಳ ಹಾಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದೆ.

ಬೆಳಿಗ್ಗೆ ತಿಂಡಿಗೆ ಬಂದ ಸುಳ್ಯದವಳ ಕಣ್ಣೂ ಕೆಂಪಾಗಿತ್ತು. “ಕೋಣೆ ಸರಿ ಇಲ್ವಾ?” ಎಂದೆ, ನನ್ನ ಆಯ್ಕೆಯ ಮರ್ಯಾದೆಯ ಪ್ರಶ್ನೆ.

“ಕೋಣೆ ಒಳ್ಳೇದುಂಟು ಅಕ್ಕ. ಒಂದು ಶಬ್ದ ಇಲ್ಲ.” ಅವಳು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಅದೇ ಆಗುದಿಲ್ಲ ನಂಗೆ. ನಮ್ಮ ಮನೆಯವರ ಮಿಷನು ನಿಂತ ಮೇಲೆ ನಂಗೆ ಮನೆಯಲ್ಲಿ ನಿದ್ದೆ ಇಲ್ಲ. ಮೊನ್ನೆ ಇವರ ಹತ್ರ ಮಲಗಿದಾಗ ಎಷ್ಟೋ ಸಮಯದ ಮೇಲೆ ಒಳ್ಳೆ ನಿದ್ದೆ ಬಂದಿತ್ತು.”

ಆ ಮಾತನ್ನು ಕೇಳಿಯೂ ನಾನು ಕರ್ಚೀಫು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಿಡಿದ ಸೀಟನ್ನು ಬಿಡುವ ಜಾತಿಯವಳಲ್ಲ ನಾನು. ಆದರೆ ಆ ಕೆಂಪು ಕಣ್ಣು ದಿನವಿಡೀ ನನ್ನ ಬೆನ್ನು ಬಿಡಲಿಲ್ಲ. ಕೌಂಟರಿನಲ್ಲಿದ್ದಾಗ ಸೀಟಿನ ಜಗಳ ಎಷ್ಟು ಬಿಡಿಸಿಲ್ಲ ನಾನು? ಇಬ್ಬರ ಸೀಟಿನಲ್ಲಿ ಮೂವರು ಕೂರದೆ ಕಡಬದ ಬಸ್ಸು ಯಾವತ್ತಾದರೂ ಹೊರಟದ್ದುಂಟೇ? ಸಂಜೆ ಕೆಳಗೆ ಹೋಗಿ ಬಾಗಿಲು ಬಡಿದೆ. “ದಿಂಬು ತಕ್ಕೊಂಡು ಬನ್ನಿ. ಸ್ವಲ್ಪ ಒತ್ತಿ ಮಲಗುವ” ಎಂದೆ.

ಎರಡು ಹಾಸಿಗೆಗಳನ್ನು ಕೂಡಿಸಿದೆವು. ಗೆಳತಿ ನಡುವೆ, ನಾವಿಬ್ಬರು ಆಚೆ ಈಚೆ. ಅಷ್ಟೆಲ್ಲ ಹುಡುಕಿ ಆರಿಸಿದ ನನ್ನ ನಿಶ್ಶಬ್ದ ಕ್ಯಾಬಿನ್ ಮುಂಬೈವರೆಗೆ ಖಾಲಿ ಹೋಯಿತು. ಸುಳ್ಯದವಳು ಮಾಸ್ಕಿನ ಪಟ್ಟಿ ಬಿಗಿದು ಗುಂಡಿ ಒತ್ತಿ, ಯಂತ್ರದ ಸದ್ದು ಶುರುವಾದದ್ದೇ ತಾನೂ ಗೋಡೆಯ ಕಡೆ ತಿರುಗಿದಳು. ಗಳಿಗೆಯೊಳಗೆ ನಿದ್ದೆ ಹೋದಳು.

ನಾನು ನನ್ನ ಗೆಳತಿಯನ್ನು ನೋಡಿದೆ. ಯಂತ್ರ ಇದ್ದದ್ದು ಸುಳ್ಯದವಳ ಕಡೆಯ ಮೇಜಿನ ಮೇಲೆ. ಪೈಪು ಆ ಕಡೆಯಿಂದ ಬರುತ್ತಿದ್ದುದರಿಂದ ಗೆಳತಿ ಆ ಕಡೆಗೇ ಮುಖ ಮಾಡಿ ಮಲಗಬೇಕಿತ್ತು. ನನಗೆ ಸಿಕ್ಕಿದ್ದು ಬೆನ್ನು.

ಎದ್ದು ದೀಪ ಹಾಕಿದೆ. ಗುಂಡಿ ಒತ್ತಿ ನಿಲ್ಲಿಸಿ, ವಯರು ಕಿತ್ತು, ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆಯ ಮೇಜಿಗೆ ತಂದು, ವಯರು ಸಿಕ್ಕಿಸಿದೆ. ಗೆಳತಿ ಮಾಸ್ಕು ಸರಿಸಿ, “ನಿನ್ನ ಕಿವಿಯ ಬುಡಕ್ಕೇ ಆಗ್ತದಲ್ಲ ಎಡೀ?” ಎಂದಳು.

“ಆಗ್ಲಿ. ಈಚೆ ತಿರುಗು” ಎಂದು ಗುಂಡಿ ಒತ್ತಿದೆ.