ಹನ್ನೊಂದು ಸೆಕೆಂಡಿನ ಜಾಗ

ಸೆಲ್ಬಿ ಮಾವನ ಬಗ್ಗೆ ನಾಲ್ಕು ಮಾತು ಬರೆದುಕೊಡು ಅಂತ ಪಾದ್ರಿಗಳು ಕೇಳಿದಾಗ ಆಗಲ್ಲ ಅಂದುಬಿಟ್ಟೆ. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನೋದು ಈ ಕೊಲ್ಲಿಯ ರೂಢಿ. ಅವನ ಒಳ್ಳೆಯದನ್ನು ಬರೆಯಹೊರಟರೆ ನನ್ನ ಕೆಟ್ಟದ್ದನ್ನೂ ಬರೆಯಬೇಕಾಗುತ್ತೆ. ಆಮೇಲೆ ಯೋಚಿಸಿದೆ, ವಯಸ್ಸು ಅರವತ್ತೆಂಟಾಯಿತು, ಇನ್ನು ಯಾರಿಗೆ ಹೆದರಲಿ? ಬರೆದೇಬಿಡುತ್ತೇನೆ. ಚರ್ಚಿನ ಪತ್ರಿಕೆಗೆ ಹಾಕುತ್ತಾರೋ ಒಲೆಗೆ ಹಾಕುತ್ತಾರೋ ಅವರಿಗೆ ಬಿಟ್ಟಿದ್ದು.

ಸೆಲ್ಬಿ ಪಾರ್ಡಿ ನನಗೆ ರಕ್ತಸಂಬಂಧದ ಮಾವನೇನಲ್ಲ. ನಮ್ಮ ಊರು ಪಿಂಚರ್ಸ್ ಕೋವಿನಲ್ಲಿ ತಲೆ ನರೆತ ಗಂಡಸರೆಲ್ಲ ಮಾವಂದಿರೇ. ಮೀನಿನ ಕಾರ್ಖಾನೆಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವನು. ಎಡಗೈಯಲ್ಲಿ ಎರಡು ಬೆರಳಿಗೆ ತುದಿಯಿರಲಿಲ್ಲ. ಸಮುದ್ರದಲ್ಲಿ ಕಾಡ್ ಜಾತಿಯ ಮೀನು ಬರಿದಾಗಿ ಕಾರ್ಖಾನೆಗೆ ಬೀಗ ಬಿದ್ದ ವರ್ಷ ಸರ್ಕಾರದವರು ಬಂದು ಎಲ್ಲರನ್ನೂ ಕಂಪ್ಯೂಟರ್ ಕ್ಲಾಸಿನಲ್ಲಿ ಕೂರಿಸಿದರು. ಉಳಿದ ಗಂಡಸರು ಅಲ್ಲಿ ನಿದ್ದೆ ಹೊಡೆದರು, ನನ್ನ ಗಂಡನೂ ಸೇರಿ. ಸೆಲ್ಬಿ ಮಾವ ಮಾತ್ರ ಕಲಿತ. ಇಂಜಿನ್ನಿನ ಸದ್ದು ಕೇಳಲು ಸ್ಕ್ರೂಡ್ರೈವರಿನ ಒಂದು ತುದಿ ಅದಕ್ಕೊತ್ತಿ ಇನ್ನೊಂದು ತುದಿ ಕಿವಿಗಿಟ್ಟುಕೊಳ್ಳುತ್ತಿದ್ದನಲ್ಲ, ಕಂಪ್ಯೂಟರಿನ ಡಿಸ್ಕಿಗೂ ಹಾಗೇ ಮಾಡುತ್ತಿದ್ದ. ನೋಡಿದವರು ನಗುತ್ತಿದ್ದರು. ಡಿಸ್ಕು ಕೆಟ್ಟಾಗ ಅವರೇ ಅವನ ಬಾಗಿಲು ತಟ್ಟುತ್ತಿದ್ದರು.

ಶುರುವಿನಲ್ಲಿ ಅವನೂ ಒಂದು ತಪ್ಪು ಮಾಡಿದ್ದ. ಚರ್ಚಿನ ನೂರಿಪ್ಪತ್ತು ವರ್ಷದ ನಾಮಕರಣ, ಮದುವೆ, ಸಮಾಧಿ ದಾಖಲೆಗಳನ್ನೆಲ್ಲ ಒಂದು ಚಳಿಗಾಲ ಪೂರ್ತಿ ಕೂತು ಕಂಪ್ಯೂಟರಿಗೆ ಹಾಕಿದ. ಮೂಲ ಪುಸ್ತಕಗಳು ಅಷ್ಟರಲ್ಲಿ ತೇವ ಹಿಡಿದು, ಹುಳು ತಿಂದು ಪುಡಿಯಾಗಿದ್ದವು. ಒಂದು ದಿನ ಡಿಸ್ಕಿನಲ್ಲಿ ಎಡವಟ್ಟಾಯಿತು. ಯಂತ್ರ ಓಡುತ್ತಿದ್ದಾಗಲೇ, ಡಿಸ್ಕು ಬಳಕೆಯಲ್ಲಿದ್ದಾಗಲೇ, ರಿಪೇರಿಗೆ ಕೈಹಾಕಿದ. ಯಂತ್ರ ಒಂದೊಂದೇ ಪ್ರಶ್ನೆ ಕೇಳುತ್ತೆ: ಇದನ್ನು ಸರಿಮಾಡಲೇ, ಅದನ್ನು ಅಳಿಸಲೇ, ಈ ಅನಾಥ ಫೈಲನ್ನು ಉಳಿಸಲೇ ಅಂತ. ಬೇಜಾರಾಗಿ ‘ಎಲ್ಲದಕ್ಕೂ ಹೂಂ’ ಅನ್ನೋ ಗುಂಡಿ ಒತ್ತಿ ಊಟಕ್ಕೆ ಹೋದ. ವಾಪಸ್ ಬಂದಾಗ ಇಡೀ ಊರಿನ ಹುಟ್ಟುಸಾವು ನಾಲ್ಕು ಸಾವಿರ ಚೂರಾಗಿ, ಹೆಸರಿಲ್ಲದೆ, ಬರೀ ನಂಬರು ಹೊತ್ತು ‘ಕಳೆದು ಸಿಕ್ಕಿದ್ದು’ ಅನ್ನೋ ಪೆಟ್ಟಿಗೆಯಲ್ಲಿ ಬಿದ್ದಿತ್ತು. ನಾಲ್ಕು ವರ್ಷ ಮನೆಮನೆ ಅಲೆದ ಆ ಮನುಷ್ಯ. ಚೂರು ಹಿಡಿದು ಬಂದು, ‘ಅತ್ತೆ, ಈ ಮಗು ನಿಮ್ಮದಾ?’ ಅಂತ ಕೇಳುತ್ತಿದ್ದ. ಆಮೇಲೆ ಎರಡು ವ್ರತ ಹಿಡಿದ. ಮೂಲ ಡಿಸ್ಕನ್ನು ಮುಟ್ಟೋ ಹಾಗಿಲ್ಲ, ನಕಲು ತೆಗೆದು ನಕಲಿನ ಮೇಲೆಯೇ ಕೆಲಸ. ಮತ್ತೆ ಯಂತ್ರದ ಒಂದೊಂದು ಪ್ರಶ್ನೆಯನ್ನೂ ಶಾಲೆಮಕ್ಕಳ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡು, ಯೋಚಿಸಿ, ಹೂಂ ಅಥವಾ ಊಹೂಂ.

ಈಗ ನನ್ನ ಕಥೆ. ಬಂದರಿನ ಸಹಕಾರ ಸಂಘದ ರೇಡಿಯೋ ಮುಂದೆ ಕೂರುತ್ತಿದ್ದವಳು ನಾನು, ಬ್ಲಾಂಚ್ ಹೈನ್ಸ್. ನಮ್ಮ ಕೊಲ್ಲಿಗೆ ಗುಡ್ಡ ಅಡ್ಡ. ಒಳಗಿನ ದೋಣಿಗಳ ದನಿ ನಮ್ಮ ಕಂಬಕ್ಕೆ ಬಿಟ್ಟರೆ ಬೇರೆಲ್ಲೂ ತಲುಪದು. ದೋಣಿಯವರು ಆಡಿದ್ದು, ನಾನು ಆಡಿದ್ದು ಎಲ್ಲ ಹಿಂದಿನ ಕೋಣೆಯ ಸರ್ವರಿನಲ್ಲಿ ಗಂಟೆಗೊಂದು ಫೈಲಾಗಿ ದಾಖಲಾಗುತ್ತಿತ್ತು. ಆ ನವೆಂಬರಿನ ಒಂದು ಗುರುವಾರ ಗಾರ್ಲಂಡ್ ಸ್ನೂಕ್ ಒಬ್ಬನೇ ಹೆರಿಂಗ್ ಮೀನಿನ ಬಲೆ ಎತ್ತಲು ಹೋದ. ಅವತ್ತು ನೀರಿಗಿಳಿದದ್ದು ಅವನ ದೋಣಿ ಒಂದೇ. ಮಧ್ಯಾಹ್ನ ಎರಡಕ್ಕೆ ಗಾಳಿ ಎದ್ದಿತು. ತಂತಿಯ ಮೇಲೆ ಒಣಹಾಕಿದ್ದ ಬಟ್ಟೆ ನೆನಪಾಯಿತು. ಬಾಗಿಲು ಬಡಿದುಕೊಳ್ಳದಿರಲಿ ಅಂತ ಬೀಗ ಹಾಕಿ ಮನೆಗೆ ಓಡಿದೆ. ಬರೀ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಕರೆಂಟು ಎರಡು ಸಲ ಹೋಗಿ ಬಂತಂತೆ, ನನಗೆ ಗೊತ್ತಾದದ್ದು ಆಮೇಲೆ. ಗಾರ್ಲಂಡ್ ಸಂಜೆಯಾದರೂ ಬರಲಿಲ್ಲ. ಶನಿವಾರ ಕಪ್ಪುಬಂಡೆಯ ಹತ್ತಿರ ಸಿಕ್ಕ. ಹೇಗೆ ಸಿಕ್ಕ ಅಂತ ಬರೆಯುವುದಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಕೇಳಿದ, ಅವನು ಕರೆದನೇ ಅಂತ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಕುರ್ಚಿ ಬಿಟ್ಟು ಎದ್ದಿಲ್ಲ, ಯಾರೂ ಕರೆಯಲಿಲ್ಲ ಅಂದೆ. ಬಾಯಿಂದ ಜಾರಿಬಿಟ್ಟಿತು, ಜಾರಿದ್ದನ್ನು ಎತ್ತಿಕೊಳ್ಳುವ ಧೈರ್ಯ ಬರಲಿಲ್ಲ. ಆ ಒಂದು ಮಾತಿನಿಂದ ಊರಲ್ಲಿ ಬೇರೆ ಮಾತು ಹುಟ್ಟಿತು. ರೇಡಿಯೋಗೆ ಕೈ ಹಾಕಲೂ ಆಗದಷ್ಟು ಕುಡಿದಿದ್ದನಂತೆ ಗಾರ್ಲಂಡ್ ಅಂತ. ಅವನ ಹೆಂಡತಿ ಟ್ರೀನಾ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಮೂರು ವಾರ ಕಳೆದ ಮೇಲೆ, ದಾಖಲೆಯನ್ನೇ ಕೇಳಿಸಿ ಅಂತ ಹಟ ಹಿಡಿದಳು. ತೆಗೆದು ನೋಡಿದರೆ ಡಿಸ್ಕು ಕೈಕೊಟ್ಟಿತ್ತು. ಆ ಗುರುವಾರದ ಎರಡರಿಂದ ಮೂರರ ಫೈಲೇ ಇಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು. ಹೌದು, ಸಮಾಧಾನ. ಆದರೆ ಟ್ರೀನಾ ನೆಟ್ಟಗೆ ಸೆಲ್ಬಿ ಮಾವನ ಮನೆಗೆ ಹೋದಳು.

ಮಾವ ಬಂದವನೇ ಟೋಪಿ ತೆಗೆಯದೆ ಸ್ಕ್ರೂಡ್ರೈವರ್ ಕಿವಿಗಿಟ್ಟ. ಡಿಸ್ಕು ಟಕ್, ಟಕ್ ಅಂತ ನಿಂತು ನಿಂತು ಬಡಿಯುತ್ತಿತ್ತು, ಒಳಗಿನಿಂದ ಯಾರೋ ಬೆರಳಲ್ಲಿ ತಟ್ಟುವ ಹಾಗೆ. ‘ಕೊನೇ ಸಲ ಕರೆಂಟು ಹೋದಾಗ ನೀನೆಲ್ಲಿದ್ದೆ ಬ್ಲಾಂಚಿ?’ ಅಂತ ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಗತಿ. ಇಲ್ಲೇ ಇದ್ದೆ ಮಾವ, ಇನ್ನೆಲ್ಲಿಗೆ ಹೋಗಲಿ ಅಂತ ರೇಗಿದೆ. ಯಂತ್ರಕ್ಕೆ ಏನಾಯಿತು ಅಂತ ತಿಳಿಯಲು ಕೇಳಿದ್ದು ತಾಯಿ ಅಂದ, ಅಷ್ಟೆ.

ನಕಲು ತೆಗೆಯಲು ಮೂರು ದಿನ ಹಿಡಿಯಿತು. ಹೊರಗೆ ಮಂಜು ಮುಸುಕಿ ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಡಿಸ್ಕು ಓದಲಾಗದ ಜಾಗ ಬಂದಾಗ ನಿಲ್ಲುತ್ತಿತ್ತು, ಟಕ್ ಅನ್ನುತ್ತಿತ್ತು, ಅದನ್ನು ಬಿಟ್ಟು ಮುಂದೆ ಹೋಗಿ, ಮತ್ತೆ ಹಿಂದಿನಿಂದ ಅದೇ ಜಾಗಕ್ಕೆ ತಡಕಿಕೊಂಡು ಬರುತ್ತಿತ್ತು. ಆಮೇಲೆ ಪ್ರಶ್ನೆಗಳು ಶುರುವಾದವು. ಮಾವ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಿದ್ದ. ಈ ಫೈಲಿಗೆ ಹೆಸರಿಲ್ಲ, ಉಳಿಸಲೇ? ಇದರ ತಂದೆ ಯಾರೆಂದು ಗೊತ್ತಿಲ್ಲ, ಉಳಿಸಲೇ? ಫೈಲು ಇರಬೇಕಾದ ಪೆಟ್ಟಿಗೆಗೆ ತಂದೆ ಅನ್ನುತ್ತೆ ಯಂತ್ರ. ಆ ಖಾಲಿ ಕೋಣೆಯಲ್ಲಿ, ಅವನ ಆ ಚಪ್ಪಟೆ ದನಿಯಲ್ಲಿ ಅದನ್ನು ಕೇಳುತ್ತ ಕೂತರೆ ಮೈ ಜುಂ ಅನ್ನುತ್ತಿತ್ತು. ಎಲ್ಲದಕ್ಕೂ ಹೂಂ ಅನ್ನಬಾರದಾ ಮಾವ, ಯಾಕೆ ಹೀಗೆ ಪ್ರಾಣ ತಿಂತೀಯ ಅಂದರೆ, ಆತುರಗಾರನಿಗೆ ಬುದ್ಧಿ ಮಟ್ಟ ಅಂದು ಪೆನ್ಸಿಲ್ ಚೂಪು ಮಾಡುತ್ತಿದ್ದ.

ಪ್ರಶ್ನೆ ಶುರುವಾಗಿ ಆರನೇ ದಿನ ಮಧ್ಯಾಹ್ನ ಅವನು ಊಟಕ್ಕೆ ಎದ್ದ. ಪರದೆಯ ಮೇಲೆ ಒಂದು ಪ್ರಶ್ನೆ ಕಾಯುತ್ತಿತ್ತು. ಹೆಸರಿಲ್ಲದ ಫೈಲು, ಗುರುವಾರದ್ದು, ಒಂದು ಗಂಟೆ ಉದ್ದದ್ದು. ಅಳಿಸಲೇ? ಬಾಗಿಲ ಕಡೆ ನೋಡಿ ಹೂಂ ಗುಂಡಿಗೆ ಬೆರಳಿಟ್ಟೆ. ಒತ್ತಿದೆ.

ಬರೆದಾಯಿತು. ಒತ್ತಿದೆ ನಾನು.

ಮಾವ ಬಂದು ಪರದೆ ನೋಡಿದ. ‘ಕೈ ತಾಗಿತಾ?’ ಅಂದ. ಹೂಂ, ಧೂಳು ಒರೆಸ್ತಿದ್ದೆ ಅಂದೆ. ಬೈಯಲಿಲ್ಲ. ಬೀರುವಿನಿಂದ ಇನ್ನೊಂದು ಡಿಸ್ಕು ತೆಗೆದ, ಅದರಲ್ಲಿ ನಕಲಿನ ನಕಲಿತ್ತು. ನೋಟ್‌ಬುಕ್ಕಿನ ಮೊದಲ ಪುಟ ತಿರುಗಿಸಿ ಒಂದನೇ ಪ್ರಶ್ನೆಯಿಂದ ಮತ್ತೆ ಶುರುಮಾಡಿದ. ಆರು ದಿನದ ಕೆಲಸ.

‘ಡಿಸ್ಕು ಮೋಸ ಮಾಡುತ್ತೆ ಅಂತ ನಕಲು ಇಡೋದಲ್ಲ ಮಗಳೇ,’ ಅಂದ, ನನ್ನ ಕಡೆ ತಿರುಗದೆ. ‘ನಾವು ಮನುಷ್ಯರು ಅಂತ.’

ಆಮೇಲೆ ಆರು ದಿನ ಅವನ ಹಿಂದೆ ಕೂತು ಟೀ ಮಾಡಿಕೊಟ್ಟೆ. ಇನ್ನೊಮ್ಮೆ ಆ ಗುಂಡಿ ಮುಟ್ಟಲಿಲ್ಲ. ನಿದ್ದೆ ಕೂಡ ಮಾಡಲಿಲ್ಲ.

ಆ ಫೈಲು ಮತ್ತೆ ಬಂದಾಗ ಮಾವ ‘ಉಳಿಸು’ ಅಂದ. ಆದರೆ ಅದಕ್ಕೊಂದು ತಕರಾರಿತ್ತು. ಡಿಸ್ಕಿನ ಮೇಲೆ ಒಂದೇ ಜಾಗವನ್ನು ಎರಡು ಫೈಲುಗಳು ನನ್ನದು, ನನ್ನದು ಅನ್ನುತ್ತಿದ್ದವು. ಕರೆಂಟು ಹೋದಾಗ ಯಾವ ಜಾಗ ಖಾಲಿ, ಯಾವುದು ತುಂಬಿದೆ ಅನ್ನೋ ಲೆಕ್ಕ ಯಂತ್ರಕ್ಕೆ ತಪ್ಪಿತ್ತು. ಗುರುವಾರದ ದನಿ ಇದ್ದ ಜಾಗದಲ್ಲಿ ಒಂದಿಷ್ಟನ್ನು ಖಾಲಿ ಅಂದುಕೊಂಡು, ಮುಂದಿನ ಮಂಗಳವಾರದ ದನಿಯನ್ನು ಅದರ ಮೇಲೇ ಬರೆದುಬಿಟ್ಟಿತ್ತು. ಹನ್ನೊಂದು ಸೆಕೆಂಡಿನಷ್ಟು ಜಾಗ. ಕೆಳಗಿದ್ದದ್ದು ಹೋಯಿತು, ಇನ್ನು ದೇವರೇ ಬಂದರೂ ಸಿಗಲ್ಲ ಅಂದ ಮಾವ. ಎರಡೂ ಫೈಲಿಗೆ ಆ ಜಾಗದ ಒಂದೊಂದು ಪ್ರತಿ ಕೊಟ್ಟು ಜಗಳ ಬಿಡಿಸಿದ. ಆಮೇಲೆ ನಾವಿಬ್ಬರೂ ಕೇಳಿದೆವು.

ಎರಡು ಗಂಟೆ ಹದಿನಾಲ್ಕು ನಿಮಿಷಕ್ಕೆ ಗಾಳಿಯ ನಡುವೆ ಗಾರ್ಲಂಡ್ ದನಿ. ‘ಬ್ಲಾಂಚಕ್ಕ, ಗಾರ್ಲಂಡ್ ನಾನು. ಇಂಜಿನ್ನಿಗೆ ನೀರು ನುಗ್ಗಿದೆ, ಕಪ್ಪುಬಂಡೆ ಹತ್ರ ಇದೀನಿ. ಅಕ್ಕ, ಇದೀಯಾ?’

ಅದು ತೊದಲುವ ದನಿಯಲ್ಲ, ಕುಡಿದವನ ದನಿಯೂ ಅಲ್ಲ. ಅಷ್ಟರಲ್ಲೇ ನನ್ನ ದನಿ ಬಂತು. ‘ಇಲ್ಲೇ ಇದೀನಿ ಕಣೋ, ಎಲ್ಲಿಗೆ ಹೋಗ್ತೀನಿ? ಕೇಳಿಸ್ತಿದೆ, ನಿಧಾನವಾಗಿ ಹೇಳು.’ ಮಂಗಳವಾರ ಯಾರೋ ದೋಣಿಯವನು ಅಂಗಡಿಯಿಂದ ಬ್ರೆಡ್ಡು ತರಿಸಿಡು ಅಂತ ಕೇಳಿದಾಗ ಆಡಿದ ಮಾತು ಅದು. ಸತ್ತವನಿಗೆ ನಾನು ಉತ್ತರ ಕೊಡುತ್ತಿದ್ದೆ, ಅದೂ ನಗುನಗುತ್ತ. ಹೊಲಿಗೆ ಕಾಣದ ಹಾಗೆ ಕೂತಿತ್ತು. ಕೇಳಿದವರು ಯಾರೂ ಸುಳ್ಳು ಅನ್ನಲಾರರು. ನಾನು ಕುರ್ಚಿಯಲ್ಲೇ ಇದ್ದೆ ಅನ್ನೋದಕ್ಕೆ ಸಾಕ್ಷಿ ತಾನಾಗಿ ನನ್ನ ಮಡಿಲಿಗೆ ಬಿದ್ದಿತ್ತು.

ಆದರೆ ಫೈಲು ಅಲ್ಲಿಗೆ ನಿಲ್ಲಲಿಲ್ಲ. ಹನ್ನೊಂದು ಸೆಕೆಂಡು ಮುಗಿದು ಮತ್ತೆ ಗುರುವಾರದ ಗಾಳಿ ಶುರುವಾಯಿತು. ಗಾರ್ಲಂಡ್ ಅಂದ, ‘ಆಯ್ತು ಬ್ಲಾಂಚಕ್ಕ, ಕೇಳಿಸ್ತು. ಹಾಗೇ ಮಾಡ್ತೀನಿ.’

ಆಮೇಲೆ ಬರೀ ಗಾಳಿ.

ಮಾವ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವತ್ತು ಬೇರೆ ದೋಣಿಯಿಲ್ಲ. ಆಫೀಸಿಗೆ ಬೀಗ, ಬೀಗದ ಕೈ ನನ್ನ ಕೋಟಿನ ಜೇಬಿನಲ್ಲಿ. ಆ ಹೊತ್ತಿಗೆ ನಾನು ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ತಂತಿಯಿಂದ ಗಂಡನ ಅಂಗಿ ಎಳೆಯುತ್ತಿದ್ದೆ. ಮತ್ತೆ ಯಾರಿಗೆ ಆಯ್ತು ಅಂದ ಅವನು? ಏನು ಮಾಡು ಅಂತ ಯಾರು ಹೇಳಿದರು? ಅದು ಇದ್ದದ್ದೇ ಆ ಹನ್ನೊಂದು ಸೆಕೆಂಡಿನಲ್ಲಿ. ಅದರ ಮೇಲೆ ನನ್ನ ಬ್ರೆಡ್ಡಿನ ಮಾತು ಕೂತಿತ್ತು.

‘ನಾನಿಲ್ಲಿ ಇರಲಿಲ್ಲ ಮಾವ,’ ಅಂದೆ.

‘ಗೊತ್ತು,’ ಅಂದ. ‘ಕರೆಂಟು ಎರಡು ಸಲ ಹೋಗಿದೆ. ಕುರ್ಚಿಯಲ್ಲಿ ಇದ್ದಿದ್ರೆ ಅದನ್ನ ನೀನು ನನಗೆ ಮೊದಲ ದಿನವೇ ಹೇಳ್ತಿದ್ದೆ.’ ಪೆನ್ಸಿಲ್ ನನ್ನ ಮುಂದಿಟ್ಟ. ‘ಗೊತ್ತಿಲ್ಲದ್ದಕ್ಕೆ ನಾನು ಹೂಂ ಅನ್ನಲ್ಲ. ಈ ಹನ್ನೊಂದು ಸೆಕೆಂಡಿಗೆ ಉತ್ತರ ನೀನೇ ಬರಿ.’

ಉಪ್ಪು ತಿಂದವಳು ನೀರು ಕುಡಿಯಬೇಕು. ಟ್ರೀನಾಳನ್ನು ಕರೆಸಿದೆ, ಅಧಿಕಾರಿಗೂ ಹೇಳಿಕಳಿಸಿದೆ. ಫೈಲು ಕೇಳಿಸುವ ಮೊದಲೇ ಎಲ್ಲ ಹೇಳಿದೆ, ಬಟ್ಟೆ, ಬೀಗ, ಸುಳ್ಳು, ಒತ್ತಿದ ಗುಂಡಿಯನ್ನೂ ಸೇರಿಸಿ. ಮಧ್ಯದ ದನಿ ಅವತ್ತಿನದಲ್ಲ, ನಂಬಬೇಡ ಅಂದೆ. ಟ್ರೀನಾ ಕೂತು ಕೇಳಿದಳು. ಗಂಡ ಕುಡಿದಿರಲಿಲ್ಲ, ಕರೆದಿದ್ದ, ಅಷ್ಟು ಕೇಳಿದಾಗ ಒಮ್ಮೆ ಕಣ್ಣು ಮುಚ್ಚಿದಳು. ಕೊನೆಯ ಮಾತಿಗೆ ಬಂದಾಗ ಅವಳ ಕೈ ಮೇಜಿನ ಅಂಚು ಹಿಡಿಯಿತು.

ಎದ್ದು ಹೋಗುವಾಗ ಮಾವನಿಗೆ ಮಾತ್ರ ಒಂದು ಮಾತು ಹೇಳಿದಳು. ‘ನನಗೊಂದು ಪ್ರತಿ ಬೇಕು ಮಾವ. ಇವಳ ದನಿ ತೆಗೆದು ಕೊಡು.’

ತನ್ನ ಜೀವಮಾನದಲ್ಲಿ ಯಾವ ಫೈಲಿನಿಂದಲೂ ಏನೂ ಕತ್ತರಿಸದವನು ಅವತ್ತು ಕತ್ತರಿಸಿದ. ಹನ್ನೊಂದು ಸೆಕೆಂಡು ಖಾಲಿ ಬಿಟ್ಟು ಕೊಟ್ಟ. ನನ್ನ ಕೆಲಸ ಹೋಗಬೇಕಿತ್ತು, ಹೋಗಲಿಲ್ಲ. ಕೂರಲು ಬೇರೆ ಯಾರೂ ಒಪ್ಪಲಿಲ್ಲ, ಅಷ್ಟೆ ಕಾರಣ. ಅಲ್ಲಿಂದೀಚೆ ಗಾಳಿ ಎದ್ದರೆ ನನ್ನ ಬಟ್ಟೆ ತಂತಿಯ ಮೇಲೇ ಇರುತ್ತೆ. ಎಷ್ಟೋ ಅಂಗಿ ಸಮುದ್ರಕ್ಕೆ ಹೋಗಿವೆ.

ಟ್ರೀನಾ ಹದಿಮೂರು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಮಾವನ ನೋಟ್‌ಬುಕ್ಕುಗಳು ಈಗ ನನ್ನ ಹತ್ತಿರವಿವೆ. ಆ ಹನ್ನೊಂದು ಸೆಕೆಂಡಿನ ಪ್ರಶ್ನೆಯ ಮುಂದೆ ಹೂಂ ಇಲ್ಲ, ಊಹೂಂ ಇಲ್ಲ, ಜಾಗ ಬಿಟ್ಟಿದ್ದಾನೆ. ಹೋದ ಮಂಗಳವಾರ ಅವನನ್ನು ಮಣ್ಣು ಮಾಡಿ ಎಲ್ಲರೂ ಚರ್ಚಿನ ಹಾಲಿನಲ್ಲಿ ಟೀ ಕುಡಿಯುತ್ತಿದ್ದಾಗ ಅವಳೇ ನನ್ನ ಪಕ್ಕ ಬಂದು ಕೂತಳು. ದಿನಾ ಮಧ್ಯಾಹ್ನ ಅದನ್ನು ಹಾಕಿಕೊಂಡು ಕೇಳುತ್ತಾಳಂತೆ. ಅವನು ಕರೆಯುತ್ತಾನೆ, ಆಮೇಲೆ ಆ ಖಾಲಿ ಜಾಗ.

‘ಮೊದಮೊದಲು ಏನೂ ಇರಲಿಲ್ಲ ಅಕ್ಕ,’ ಅಂದಳು. ‘ಈಗೀಗ ಯಾರೋ ಉಸಿರು ಎಳ್ಕೊಳ್ಳೋ ಹಾಗೆ ಕೇಳಿಸುತ್ತೆ. ಮಾತು ಶುರುಮಾಡೋ ಮುಂಚೆ ಎಳ್ಕೋತಾರಲ್ಲ, ಹಾಗೆ.’

ಮಾವ ಖಾಲಿ ಅಂದರೆ ಖಾಲಿಯೇ ಬಿಟ್ಟಿರುತ್ತಾನೆ, ಅಲ್ಲಿ ಏನೂ ಇಲ್ಲ ಟ್ರೀನಾ ಅನ್ನಬೇಕಿತ್ತು ನಾನು. ಆದರೆ ಗೊತ್ತಿಲ್ಲದ್ದಕ್ಕೆ ಊಹೂಂ ಕೂಡ ಅನ್ನಬಾರದಲ್ಲ.

‘ಮಾತು ಕೇಳಿಸಿದ ದಿನ ನನಗೂ ಹೇಳು,’ ಅಂದೆ. ‘ಅವನಿಗೆ ನಾನು ಏನು ಹೇಳಿದೆ ಅಂತ ನನಗೂ ಗೊತ್ತಾಗಲಿ.’