ಹೂಂಗುಟ್ಟುವವರ ಜಾಗ

ನಿಮ್ಮ ತಾತನನ್ನು ನೀವು ನೋಡಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಅವರು ಕುತ್ತಿಗೆಗೆ ಬಿಳಿ ಟವೆಲು ಯಾಕೆ ಸುತ್ತಿಕೊಂಡಿದ್ದಾರೆ ಎಂದು ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಕೇಳಿದಳು. ಚಳಿಗೆ ಎಂದು ಹೇಳಿ ಒಳಗೆ ಹೋದೆ. ಬಾಯಿಬಿಟ್ಟು ಹೇಳುವುದು ಮೊದಲಿನಿಂದಲೂ ನನ್ನಿಂದ ಆಗದ ಕೆಲಸ. ನರಸೀಪುರದ ಪಕ್ಕದ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಬರೆಯಲು ಅಷ್ಟು ಸಾಕು. ಆ ಟವೆಲಿನ ವಿಷಯ ಬರೆಯಬೇಕೆಂದರೆ ಅಟ್ಟದ ಮೇಲಿರುವ ರಟ್ಟಿನ ಪೆಟ್ಟಿಗೆಯ ವಿಷಯವನ್ನೂ, ಆ ಪೆಟ್ಟಿಗೆ ಮಾಡಿದವರ ವಿಷಯವನ್ನೂ ಬರೆಯಬೇಕು.

ಆಗ ನಾವು ನಂಜನಗೂಡಿನಲ್ಲಿ ಹೊಳೆಯ ಕಡೆಗಿನ ಒಂದು ಬೀದಿಯಲ್ಲಿ ಬಾಡಿಗೆಗೆ ಇದ್ದೆವು. ಕಪಿಲೆ ತುಂಬಿದಾಗ ಬೀದಿಯ ಕೊನೆಯ ಮನೆಗಳಿಗೆ ನೀರು ನುಗ್ಗುತ್ತಿತ್ತು. ನಮ್ಮ ಮನೆಗೆ ನೀರು ಬರುತ್ತಿರಲಿಲ್ಲ, ಆದರೆ ಗೋಡೆಯ ಬುಡ ವರ್ಷವಿಡೀ ಒದ್ದೆ. ತಾತ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದರು. ನನ್ನ ಮಗಳು, ನಿಮ್ಮ ಅವ್ವ, ಹೈಸ್ಕೂಲಿನಲ್ಲಿದ್ದಳು. ತೊಂಬತ್ತರ ದಶಕದ ಕೊನೆ ಇರಬೇಕು.

ಪೇಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಪ್ರೆಸ್ಸು ಇತ್ತು. ಮದುವೆ ಕಾರ್ಡು, ತಿಥಿ ಕಾರ್ಡು, ಬಿಲ್ ಪುಸ್ತಕ ಅಚ್ಚು ಹಾಕುತ್ತಿದ್ದರು. ಅದರ ಯಜಮಾನರಿಗೆ ಆಟದ ಹುಚ್ಚು. ಬೊಂಬಾಯಿಯ ನೆಂಟರ ಮನೆಯಲ್ಲಿ ಮೇಜಿನ ಸುತ್ತ ಕೂತು ಕತೆ ಕಟ್ಟಿ ಆಡುವ ಒಂದು ಇಂಗ್ಲಿಷ್ ಆಟ ನೋಡಿ ಬಂದವರು, ಕನ್ನಡದಲ್ಲಿ ತಾವೇ ಅಂಥದೊಂದನ್ನು ಮಾಡಿ ಅಚ್ಚು ಹಾಕಿ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ಪೆಟ್ಟಿಗೆಯೊಳಗೆ ಒಂದು ನಕ್ಷೆ, ದಾಳ, ಪಾತ್ರಗಳ ರಟ್ಟಿನ ಬಿಲ್ಲೆ, ನಿಯಮದ ಸಣ್ಣ ಪುಸ್ತಕ. ಎರಡು ಹೊಳೆ ಸೇರುವ ಕಡೆ ಹಿಂದಿನ ಕಾಲದ ಒಂದು ಊರು. ಆಡುವವರಲ್ಲಿ ಒಬ್ಬರು ಅಂಬಿಗ, ಒಬ್ಬರು ಕಳ್ಳ, ಒಬ್ಬರು ವೈದ್ಯ. ಇನ್ನೊಬ್ಬರು ಕತೆ ಹೇಳುವವರು. ಹೊಳೆ ಏರುತ್ತಿದೆ, ಈಗ ಏನು ಮಾಡುತ್ತೀಯ ಎಂದು ಅವರು ಕೇಳಬೇಕು, ಅಂಬಿಗ ತಾನು ಮಾಡುವುದನ್ನು ಹೇಳಬೇಕು. ಅದು ಆಗುತ್ತದೋ ಇಲ್ಲವೋ ದಾಳ ತೀರ್ಮಾನಿಸುತ್ತದೆ. ಗೆಲ್ಲುವವರಿಲ್ಲ, ಸೋಲುವವರಿಲ್ಲ. ಕತೆ ಮುಂದೆ ಹೋಗುತ್ತಿರಬೇಕು, ಅಷ್ಟೇ.

ನಿಮ್ಮ ತಾತನೇ ಕತೆ ಹೇಳುವವರು. ಅಂಥ ಗಂಟಲು ಅವರದು. ಅವರ ಜೊತೆ ಶಿಫ್ಟಿನಲ್ಲಿದ್ದ ಚಿಕ್ಕಯ್ಯನಛತ್ರದ ಗೆಳೆಯರೊಬ್ಬರು ಕಳ್ಳ, ಎದುರು ಮನೆಯ ಟೈಲರು ಅಂಬಿಗ. ಪ್ರೆಸ್ಸಿನವರು ಎಷ್ಟೋ ಭಾನುವಾರ ತಾವೇ ಬಂದು ವೈದ್ಯರಾಗಿ ಕೂರುತ್ತಿದ್ದರು. ಅವರು ಆಡಲು ಬರುತ್ತಿದ್ದರು ಅನ್ನುವುದಕ್ಕಿಂತ ಕೇಳಲು ಬರುತ್ತಿದ್ದರು ಅನ್ನಬೇಕು.

"ಸಾ, ನಿಮ್ಮ ಪುಸ್ತಕದಲ್ಲಿ ಅಂಬಿಗ ನೀರಿಗೆ ಬಿದ್ರೆ ಈಜಕ್ಕೂ ದಾಳ ಹಾಕ್ಬೇಕು ಅಂತದೆ," ಎಂದರು ಟೈಲರು ಒಂದು ದಿನ. "ಈಜು ಬರ್ದೋನು ಅಂಬಿಗ ಎಂಗಾದ ಸಾ?"

"ನೀನು ಅಳತೆ ತಗೊಂಡೇ ಒಲ್ದಿದ್ದಲ್ವಾ? ಆದ್ರೂ ನನ್ನ ಸರ್ಟು ಬಿಗಿ ಆಗಿಲ್ವಾ? ಇದೂ ಅಂಗೇ ಕಣ್ಲಾ," ಎಂದರು ಗೆಳೆಯರು.

"ಸರ್ಟು ಬಿಗಿಯಾಗಿಲ್ಲ ಕಣಣ್ಣ, ನಿನ್ನ ಒಟ್ಟೆ ಬೆಳ್ದದೆ."

ಪ್ರೆಸ್ಸಿನವರು ನಗಲಿಲ್ಲ. ಜೇಬಿನಿಂದ ಹಾಳಾದ ಮದುವೆ ಕಾರ್ಡೊಂದನ್ನು ತೆಗೆದು ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು. ಮುಂದಿನ ಸಲ ಅಚ್ಚಾದ ಪುಸ್ತಕದಲ್ಲಿ ಅಂಬಿಗ ಈಜಲು ದಾಳ ಹಾಕಬೇಕಾಗಿರಲಿಲ್ಲ. ಆ ಪುಟವನ್ನು ಟೈಲರು ಬಟ್ಟೆ ಹೊಲಿಸಲು ಬಂದವರಿಗೆಲ್ಲ ತೋರಿಸಿದರು. ನಕ್ಷೆ ಮಡಿಕೆಯಲ್ಲಿ ಹರಿಯುತ್ತದೆ ಎಂದು ಯಾರೋ ಹೇಳಿದಾಗ ಪ್ರೆಸ್ಸಿನವರು ಅದಕ್ಕೆ ಹಿಂದೆ ಬಟ್ಟೆ ಅಂಟಿಸಿದರು. ಮರಳಿನಲ್ಲಿ ಗಾಡಿ ಅಷ್ಟು ಬೇಗ ಹೋಗುವುದಿಲ್ಲ ಎಂದು ತಲಕಾಡಿನ ಕಡೆಯವರು ಪ್ರೆಸ್ಸಿಗೆ ಬಂದು ಹೇಳಿದರಂತೆ, ಅದೂ ಬದಲಾಯಿತು. ಅಚ್ಚಾದ ಮಾತನ್ನು ತಿದ್ದಬಹುದೆಂದು ನಮ್ಮಂಥವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಶಾಲೆಯ ಪುಸ್ತಕವಾಗಲಿ, ಕಾರ್ಖಾನೆಯ ನೋಟೀಸಾಗಲಿ, ಅಚ್ಚಾದ ಮೇಲೆ ಆಯಿತು. ಇವರೊಬ್ಬರು ಮಾತ್ರ ಆಡುವವರ ಮನೆ ಬಾಗಿಲಿಗೆ ಬಂದು ಎಲ್ಲಿ ತಪ್ಪಿದೆ ಎಂದು ಕೇಳುತ್ತಿದ್ದರು. ಅದಕ್ಕೇ ಜನ ಅವರಿಗೆ ಹೊಲದಲ್ಲಿ ಬೆಳೆದ ಅವರೆಕಾಯಿ, ಬಾಳೆಗೊನೆ ತಂದು ಪ್ರೆಸ್ಸಿನ ಮೂಲೆಯಲ್ಲಿಟ್ಟು ಹೋಗುತ್ತಿದ್ದರು.

ನಾನು ಅಡುಗೆಮನೆಯ ಬಾಗಿಲ ಹಿಂದೆ ಇರುತ್ತಿದ್ದೆ. ಗಂಡಸರ ಮುಂದೆ ಕೂರುವ ಅಭ್ಯಾಸ ನನಗಿರಲಿಲ್ಲ. ಆದರೆ ತಾತ ಕತೆ ಹೇಳುವಾಗ ಒಳಗಿನಿಂದ ಹೂಂ ಎನ್ನುತ್ತಿದ್ದೆ. ಬೇಕೆಂದು ಅಂದದ್ದಲ್ಲ. ನಮ್ಮ ಹಳ್ಳಿಯಲ್ಲಿ ಯಾರು ಕತೆ ಹೇಳಲು ಕೂತರೂ ಒಬ್ಬರು ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಚಿಕ್ಕಂದಿನಿಂದ ಆ ಕೆಲಸ ನನ್ನದೇ. ಒಗ್ಗರಣೆ ಸದ್ದಿನಲ್ಲಿ ಎಲ್ಲಾದರೂ ನನ್ನ ಹೂಂ ತಪ್ಪಿದರೆ ಗೆಳೆಯರು ಕೂಗುತ್ತಿದ್ದರು: "ಅತ್ಗೆ, ಕತೆ ನಿಂತೋಯ್ತು ಕಣವ್ವ. ಸೌಟು ಕೆಳಗಿಟ್ಟು ಹೂಂ ಅನ್ನಿ." ನಾನು ಮುಖ ಕೆಂಪಾಗಿ ಇನ್ನೂ ಒಳಗೆ ಸರಿಯುತ್ತಿದ್ದೆ.

ಆಮೇಲೆ ತಾತನ ಗಂಟಲು ಕಟ್ಟಿತು. ಮೊದಲು ಶೀತ ಎಂದುಕೊಂಡೆವು. ಮಳೆಗಾಲ ಹೋಯಿತು, ಚಳಿಗಾಲ ಬಂತು, ಗಂಟಲು ಬಿಡಲಿಲ್ಲ. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬದುಕಬೇಕೆಂದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕೆಂದರು, ತೆಗೆದರು. ಕುತ್ತಿಗೆಯ ಮುಂದೆ ಉಸಿರಾಡಲು ಒಂದು ತೂತು ಉಳಿಯಿತು. ಟವೆಲು ಅದಕ್ಕೆ.

ಮನೆಗೆ ಬಂದವರು ಗೋಡೆಗೆ ಮುಖ ಮಾಡಿ ಮಲಗಿದರು. ನಿಮ್ಮ ಅವ್ವ ತನ್ನ ಹಳೆಯ ಸ್ಲೇಟು ಕೊಟ್ಟಳು. ಊಟ ಬೇಕಾ ಎಂದರೆ ಬೇಡ ಎಂದು ಬರೆಯುತ್ತಿದ್ದರು. ಹೊರಗೆ ಕೂರುತ್ತೀರಾ ಎಂದರೆ ಅದೇ ಅಕ್ಷರವನ್ನು ಒರೆಸದೆ ಮತ್ತೆ ತೋರಿಸುತ್ತಿದ್ದರು. ಗೆಳೆಯರು, ಟೈಲರು ಒಂದು ಭಾನುವಾರ ಬಂದು ಅರ್ಧ ಲೋಟ ಕಾಫಿ ಕುಡಿದು ಎದ್ದುಹೋದರು. ಅವರ ಚಪ್ಪಲಿ ಸದ್ದು ದೂರವಾಗುವವರೆಗೂ ತಾತ ಕಣ್ಣು ಬಿಡಲಿಲ್ಲ. ಕಾಯಿಲೆ ಇವರನ್ನು ಕೊಲ್ಲುವ ಮೊದಲು ಈ ಗೋಡೆಯೇ ಕೊಲ್ಲುತ್ತದೆ ಎಂದು ನನಗೆ ಭಯವಾಯಿತು.

ಪ್ರೆಸ್ಸಿನವರು ಒಬ್ಬರೇ ಬಂದರು. ತಾತ ನಿದ್ದೆಯಲ್ಲಿದ್ದರೋ, ನಿದ್ದೆ ಮಾಡಿದಂತೆ ಇದ್ದರೋ. ಬಂದವರು ನಡುಮನೆಯಲ್ಲಿ ಕೂತು, ಬಾಗಿಲ ಹಿಂದೆ ನಿಂತಿದ್ದ ನನ್ನ ಕಡೆ ತಿರುಗದೆಯೇ ಕೇಳಿದರು.

"ಅಕ್ಕಾವ್ರೆ, ಅವರು ಮತ್ತೆ ನಮ್ಮ ಜೊತೆ ಕೂರ್ಬೇಕು ಅಂದ್ರೆ ಆಟದಲ್ಲಿ ಏನು ಬದಲಾಯಿಸ್ಬೇಕು?"

ಅಂಥ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ನನ್ನ ಬಾಯಿಂದಲೇ ಮಾತು ಬಂತು.

"ಯೋಳೋರು ಒಬ್ರೇ ಇದ್ರೆ ಕತೆ ಆಗಕಿಲ್ಲ. ಹೂಂಗುಟ್ಟೋರೂ ಬೇಕು. ಆ ಜಾಗ ನಿಮ್ಮ ಪುಸ್ತಕದಲ್ಲಿಲ್ಲ."

"ಹೂಂ ಅನ್ನೋಕೂ ಗಂಟಲು ಬೇಕಲ್ವಾ?"

"ಬ್ಯಾಡ. ನಮ್ಮಜ್ಜಿಗೆ ಕಿವಿ ಕೇಳ್ತಿರ್ಲಿಲ್ಲ. ಅವಳು ಕತೆ ಯೋಳುವಾಗ ನಾನು ಮೊಣಕಾಲು ತಟ್ತಿದ್ದೆ. ಒಂದು ಸಲ ತಟ್ಟಿದ್ರೆ ಹೂಂ. ಎಲ್ಡು ಸಲ ತಟ್ಟಿದ್ರೆ ಅದು ಬ್ಯಾಡ, ಬೇರೆ ತರ ಯೋಳು ಅಂತ."

ಅವರು ಕಾರ್ಡು ತೆಗೆದು ಬರೆದುಕೊಂಡರು. ಹೋಗುವಾಗ, ಇದನ್ನು ಹೇಳಿದ್ದು ನೀವು ಅಂತ ಪುಸ್ತಕದಲ್ಲಿ ಹಾಕಲೇ ಎಂದರು. ಬೇಡವೆಂದು ತಲೆಯಾಡಿಸಿದೆ. ಬಾಗಿಲ ಹಿಂದೆ ತಲೆಯಾಡಿಸಿದ್ದು ಅವರಿಗೆ ಹೇಗೆ ಕಂಡಿತೋ, ಹಾಕಲಿಲ್ಲ.

ಕೆಲವು ವಾರಗಳ ಮೇಲೆ ಮಸಿಯ ವಾಸನೆಯಿದ್ದ ಒಂದು ಹಾಳೆ ತಂದು ತಾತನ ದಿಂಬಿನ ಪಕ್ಕದಲ್ಲಿಟ್ಟರು. ಹೂಂಗುಟ್ಟುವವರು ಎಂಬ ಹೊಸ ಪಾತ್ರ. ಅವರು ತಟ್ಟದೆ ಕತೆ ಮುಂದೆ ಹೋಗುವಂತಿಲ್ಲ. ಎರಡು ಸಲ ತಟ್ಟಿದರೆ ದಾಳ ಏನೇ ಹೇಳಿದ್ದರೂ ಕತೆಯನ್ನು ಬೇರೆ ರೀತಿ ಹೇಳಲೇಬೇಕು. ತಾತ ಓದಿದರು. ಸ್ಲೇಟು ತೆಗೆದುಕೊಂಡು ಬೇಡ ಎಂಬುದನ್ನು ಒರೆಸಿದರು. ಬೇರೇನೂ ಬರೆಯಲಿಲ್ಲ.

ಆ ಭಾನುವಾರ ಅವರು ಟವೆಲು ಸುತ್ತಿಕೊಂಡು ಹೊರಗೆ ಬಂದು ಕೂತರು. ತಟ್ಟಲು ನಾನು ಅವರ ಮುಂದೆ ಒಂದು ಮಣೆ ಇಟ್ಟೆ. ಕತೆ ಹೇಳುವ ಕೆಲಸ ಗೆಳೆಯರ ಪಾಲಿಗೆ ಬಂದಿತ್ತು. ಕಾರ್ಖಾನೆಯ ಮಿಷನ್ನಿನ ಸದ್ದಿನಲ್ಲಿ ಎರಡೇ ಮಾತು ಕೂಗಿ ರೂಢಿಯಾದ ಬಾಯಿ ಅವರದು, ಕತೆಗೆ ಬಗ್ಗದು.

"ಅಂಬಿಗ ದೋಣಿ ಬುಟ್ಟ. ದಡ ಸೇರ್ದ," ಎಂದರು.

ತಾತ ಎರಡು ಸಲ ತಟ್ಟಿದರು.

"ಯಾಕ್ಲಾ? ದಡ ಸೇರ್ಬಾರ್ದಾ?"

ಮತ್ತೆ ಎರಡು.

"ನಂಗೆ ಕೂಲಿ ಕೊಡ್ಸ್ದೆ ದಡ ಸೇರಿಸ್ಬುಟ್ಟೆ ನೀನು," ಎಂದರು ಟೈಲರು. "ನ್ಯಾಯ ಕೇಳ್ತಾವ್ರೆ ನಮ್ಮಣ್ಣ."

"ಬಾಯಿದ್ದಾಗ್ಲೇ ಇವನ ಕಾಟ ತಡೆಯಕ್ಕಾಗ್ತಿರ್ಲಿಲ್ಲ, ಈಗ ಕೈಯೂ ಕೊಟ್ಟವ್ರೆ ಸಾವ್ಕಾರ್ರು," ಎಂದು ಗೆಳೆಯರು ಪ್ರೆಸ್ಸಿನವರನ್ನು ನೋಡಿದರು. ತಾತನ ಭುಜ ಅಲುಗಿತು. ಸದ್ದಿಲ್ಲದ ನಗು ಅದು. ನೋಡಿ ನಾನು ಒಳಗೆ ಹೋಗಿ ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತೆ.

ಆ ಪಾತ್ರ ಮುಂದಿನ ಪೆಟ್ಟಿಗೆಗಳಲ್ಲಿ ಅಚ್ಚಾಯಿತು. ತಾತ ಆ ಬೇಸಿಗೆಯೂ ಮಳೆಗಾಲವೂ ಮಣೆಯ ಮುಂದೆ ಕೂತರು. ಗೆಳೆಯರು ಪಾಪ, ಕತೆ ಹೇಳುವುದನ್ನು ಕಲಿತರು. ಮಂಜು, ನೀರಿನ ತಣುಪು, ದೋಣಿಯ ಹುಟ್ಟಿನ ಸದ್ದು ಎಲ್ಲವನ್ನೂ ಹೇಳಿದರೆ ಮಾತ್ರ ಒಂದು ತಟ್ಟು ಸಿಗುತ್ತಿತ್ತು. ಆದರೆ ಕಾಯಿಲೆ ಪೂರ್ತಿ ಹೋಗಿರಲಿಲ್ಲ. ತಟ್ಟಿನ ಸದ್ದು ಸಣ್ಣದಾಗುತ್ತಾ ಬಂತು. ಕಡೆಯ ಭಾನುವಾರ ದೋಣಿ ನಡುನೀರಿನಲ್ಲಿತ್ತು. ಗೆಳೆಯರು ಹೇಳಿ ನಿಲ್ಲಿಸಿ ಕಾದರು. ತಾತನ ಕೈ ಮಣೆಯ ಮೇಲಿತ್ತು, ಏಳಲಿಲ್ಲ. ಸಾಕು, ಮುಂದಿನ ವಾರ ನೋಡಾನ ಎಂದು ಎಲ್ಲರೂ ಎದ್ದರು. ಆ ವಾರ ಕಳೆಯುವುದರೊಳಗೆ ತಾತ ಹೋದರು.

ಕಾರ್ಯವೆಲ್ಲ ಮುಗಿದ ಮೇಲೆ ಗೆಳೆಯರು, ಟೈಲರು ಬಂದರು. ಪೆಟ್ಟಿಗೆ ಹಾಗೇ ಇತ್ತು.

"ದೋಣಿ ನಡುನೀರಲ್ಲೇ ನಿಂತದೆ ಅತ್ಗೆ," ಎಂದರು ಗೆಳೆಯರು. "ನೀವೊಂದು ಸಲ ತಟ್ಟಿ. ದಡ ಸೇರಿಸ್ಬುಡ್ತೀನಿ."

ನಾನು ಮಣೆಯ ಹತ್ತಿರ ಕೂತೆ. ಕೈ ಬರಲಿಲ್ಲ. ಅವರು ಬಲವಂತ ಮಾಡಲಿಲ್ಲ. ಟೈಲರು ಮನೆಗೆ ಹೋಗಿ ಸೂಜಿ ದಾರ ತಂದು, ಅಂಬಿಗನ ಬಿಲ್ಲೆಯನ್ನು ನಕ್ಷೆಯ ಬಟ್ಟೆಗೆ ಅದೇ ಜಾಗದಲ್ಲಿ ಹೊಲಿದರು. ಜಾಗ ತಪ್ಪಬಾರದು ಎಂದರು. ಪೆಟ್ಟಿಗೆ ಅಟ್ಟಕ್ಕೆ ಹೋಯಿತು.

ಕೆಲವು ವರ್ಷ ಕಳೆದವು. ನಿಮ್ಮ ಅವ್ವನ ಮದುವೆಯಾಯಿತು, ಅವಳ ಮದುವೆ ಕಾರ್ಡೂ ಅಲ್ಲೇ ಅಚ್ಚಾಯಿತು. ಆಮೇಲೆ ಮೈಸೂರಿನಿಂದ ಬಣ್ಣಬಣ್ಣದ ಕಾರ್ಡು ಬರಲು ಶುರುವಾಗಿ ಪ್ರೆಸ್ಸಿಗೆ ಬರುವವರು ಕಡಿಮೆಯಾದರು. ಅದನ್ನು ಮುಚ್ಚುತ್ತಾರೆಂದು ಸುದ್ದಿ ಬಂದಾಗ, ಆ ಆಟ ಆಡುತ್ತಿದ್ದವರೆಲ್ಲ ಒಂದು ಸಂಜೆ ಅಲ್ಲಿ ಸೇರಿದರು. ಟೈಲರು ನನ್ನನ್ನೂ ಕರೆದುಕೊಂಡು ಹೋದರು.

ನರಸೀಪುರದಿಂದ, ತಲಕಾಡಿನಿಂದ ಜನ ಬಂದಿದ್ದರು. ಹಾರ ಗೀರ ತಂದಿರಲಿಲ್ಲ, ಅವರವರ ಹಳೆಯ ಪೆಟ್ಟಿಗೆ ತಂದಿದ್ದರು. ಒಬ್ಬೊಬ್ಬರೂ ತಾವು ಹೇಳಿ ತಿದ್ದಿಸಿದ ಪುಟ ತೆರೆದು ತೋರಿಸುತ್ತಿದ್ದರು. ನರಸೀಪುರದ ಒಬ್ಬ ಮುದುಕಿ ಕಿವಿ ಕೇಳದ ಗಂಡನನ್ನು ಕೈಹಿಡಿದು ಕರೆತಂದಿದ್ದರು. "ಮಕ್ಳು ಮೊಮ್ಮಕ್ಳು ಇವ್ರನ್ನ ಮೂಲೇಲಿ ಕೂರ್ಸಿದ್ರು," ಎಂದರು ಪ್ರೆಸ್ಸಿನವರಿಗೆ. "ಈಗ ಅವ್ರ ತುಟಿ ನೋಡ್ಕಂಡು ಇವ್ರು ತಟ್ಟದೆ ನಮ್ಮನೇಲಿ ಯಾರ ಕತೆಯೂ ಮುಂದಕ್ಕೋಗಕಿಲ್ಲ. ನಿಮ್ಮ ಒಟ್ಟೆ ತಣ್ಣಗಿರ್ಲಿ ಕಣಪ್ಪ." ಪ್ರೆಸ್ಸಿನವರು ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ನಾನೂ ಅವರಿಗೆ ಏನಾದರೂ ಹೇಳಬೇಕಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಅಷ್ಟು ಜನರ ಮುಂದೆ ಒಂದೂ ಉಳಿಯಲಿಲ್ಲ.

ಕಡೆಗೆ ಅವರು ಎದ್ದು ನಿಂತರು. "ನಾನು ಮಾಡಿದ್ದು ಏನೂ ಇಲ್ಲ. ನೀವು ಹೇಳಿದ್ದನ್ನ ಅಚ್ಚು ಹಾಕ್ದೆ. ನಾಳೆ ಮಿಷನ್ನು ಗುಜರಿಗೆ ಹೋಗುತ್ತೆ. ಇನ್ನು ಪೆಟ್ಟಿಗೆ ಬರಲ್ಲ. ಇಲ್ಲಿಗೆ ಮುಗೀತು."

ನನ್ನ ಪಕ್ಕದಲ್ಲಿ ಕಾಗದ ಕತ್ತರಿಸುವ ಮರದ ಮೇಜಿತ್ತು. ನಾನು ಅದರ ಮೇಲೆ ಎರಡು ಸಲ ತಟ್ಟಿದೆ.

ಎಲ್ಲರೂ ತಿರುಗಿ ನೋಡಿದರು. ಕಿವಿ ಕೇಳದ ಆ ಮುದುಕನಿಗೆ ಏನು ಮಾತು ನಡೆದಿದೆ ಎಂದು ತಿಳಿದಿತ್ತೋ ಇಲ್ಲವೋ, ನನ್ನ ಕೈ ನೋಡಿ ಅವರೂ ತಮ್ಮ ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡು ಸಲ ತಟ್ಟಿದರು. ಪ್ರೆಸ್ಸಿನವರು ಮಸಿಯಂಟಿದ ಬೆರಳುಗಳನ್ನು ನೋಡಿಕೊಳ್ಳುತ್ತಾ ನಿಂತರು. ನಿಯಮದ ಪ್ರಕಾರ ಅವರು ಬೇರೆ ರೀತಿ ಹೇಳಬೇಕಿತ್ತು.

"ಬೇರೆ ತರ ಹೇಳೋಕೆ ನನಗೂ ಬರ್ತಿಲ್ಲ ಅಕ್ಕಾವ್ರೆ," ಎಂದರು.

ಜನ ಒಬ್ಬೊಬ್ಬರಾಗಿ ಬಸ್ಸಿಗೆ ಹೊರಟರು. ನಾನು, ಟೈಲರು ಪೇಟೆಯ ದಾರಿಯಲ್ಲಿ ಮನೆಯವರೆಗೂ ನಡೆದು ಬಂದೆವು. ಬಾಗಿಲ ಹತ್ತಿರ ಅವರು ನಿಂತರು.

"ಅಕ್ಕ, ಅಂಬಿಗನ ಆ ದಾರ ಬಿಚ್ಬುಡ್ಲಾ?"

"ಬ್ಯಾಡ ಕಣಪ್ಪ, ದೋಣಿ ಅಲ್ಲೇ ಇರ್ಲಿ," ಎಂದೆ.